ಜವರಣ್ಣ ಹೇಳುತ್ತಿದ್ದ ಮೂರು ಬಿಲ್ಲು

ಮಳವಳ್ಳಿಯ ಪಂಪ್‌ಸೆಟ್ ಮೆಕ್ಯಾನಿಕ್ ಜವರಣ್ಣ ಯಾವತ್ತೂ ಒಂದೇ ಬಿಲ್ಲು ಹೇಳಿದವರಲ್ಲ. ಕೆಟ್ಟ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯನ್ನು ಮುಂಬಲ್ಲುಗಳಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ದೂರದಿಂದ ನೋಡಿದವರಿಗೆ ಕೊಳವೆ ಹಾಕಿ ಎಳನೀರು ಹೀರುತ್ತಿದ್ದಾರೇನೋ ಅನ್ನಿಸಬೇಕು. ಪಂಪುಗಳ ಪಕ್ಕದಲ್ಲೇ ನಲವತ್ತು ವರ್ಷ ಕಳೆದು ಕಿವಿ ಮಂದವಾಗಿತ್ತು. ಎಂಜಿನ್ನಿನ ಒಳಗಿನ ಸದ್ದು ಹಲ್ಲಿನಿಂದಲೇ ತಲೆಗೆ ಹತ್ತಬೇಕಿತ್ತು. ಎರಡು ನಿಮಿಷ ಕಳೆದ ಮೇಲೆ ಸ್ಕ್ರೂಡ್ರೈವರನ್ನು ಲುಂಗಿಗೆ ಒರೆಸಿ ಮೂರು ಬಿಲ್ಲು ಹೇಳುತ್ತಿದ್ದರು.

"ಇವತ್ತು ಮಾಡ್ಸುದ್ರೆ ಇನ್ನೂರು. ಮುಂದ್ಲ ತಿಂಗ್ಳು ಬಂದ್ರೆ ಎಲ್ಡು ಸಾವ್ರ. ಯುಗಾದಿ ಕಳ್ದು ಬಂದ್ರೆ ಇಪ್ಪತ್ತು ಸಾವ್ರ. ಯಾವ್ದು ಬೇಕೋ ತಕೋ, ನಂಗೇನು ಎಲ್ಲಾ ಒಂದೇಯ."

ಬಹುಪಾಲು ಜನ ಮೂರನೆಯದನ್ನೇ ತೆಗೆದುಕೊಳ್ಳುತ್ತಿದ್ದರು, ತೆಗೆದುಕೊಂಡೆವೆಂದು ಗೊತ್ತೇ ಇಲ್ಲದೆ. ಇನ್ನೂ ಓಡುತ್ತದಲ್ಲ ಎಂದು ಮೋಟರನ್ನು ವಾಪಸ್ಸು ಹೊತ್ತುಕೊಂಡು ಹೋಗಿ, ಯುಗಾದಿ ಕಳೆದ ಮೇಲೆ ಅದನ್ನೇ ಟೆಂಪೋದಲ್ಲಿ ಮಲಗಿಸಿಕೊಂಡು ಬಂದು, ಇದ್ದಕ್ಕಿದ್ದಂತೆ ಕೆಟ್ಟುಹೋಯಿತು ಎಂದು ಗೋಳಾಡುತ್ತಿದ್ದರು. ಆ ‘ಇದ್ದಕ್ಕಿದ್ದಂತೆ’ ಎಂಬ ಮಾತು ಕೇಳಿದರೆ ಜವರಣ್ಣನಿಗೆ ನಗು ಬರುತ್ತಿತ್ತು. "ಇದ್ದಕ್ಕಿದ್ದಂಗೆ ಬರೋರು ನೆಂಟ್ರು ಕಣ್ಲಾ. ರಿಪೇರಿ ಏಳ್ಬುಟ್ಟೇ ಬತ್ತದೆ. ನಾವು ಕೇಳುಸ್ಕಳಾಕಿಲ್ಲ ಅಷ್ಟೆಯ," ಎನ್ನುತ್ತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ಮಗಳು ಸಾವಿತ್ರಿ ಅಪ್ಪ ಹೇಳಿದ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದಳು.

ನಾನು ಬೆಳಕವಾಡಿಯ ಮಂಜ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಕೇಳಿದವರ ದನಿಯಲ್ಲೇ ಉತ್ತರ ಕೊಡುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ, ಗಣೇಶ ಕೂರಿಸಿದ ಪೆಂಡಾಲುಗಳಲ್ಲಿ ನಾಯಿ, ಕೋಳಿ, ಟ್ರ್ಯಾಕ್ಟರು, ಬಸ್ ಕಂಡಕ್ಟರು, ಪಂಚಾಯ್ತಿ ಮೆಂಬರು ಎಲ್ಲರನ್ನೂ ಕೂಗಿ ಹಣ ಗಳಿಸಿದೆ. ಮೆಂಬರಿಗಿಂತ ನಾಯಿಗೆ ಹೆಚ್ಚು ಚಪ್ಪಾಳೆ ಬೀಳುತ್ತಿತ್ತು. ನಾನಾಗಿಯೇ ಮಾತಾಡಿದ ದಿನ ಮಾತ್ರ ಯಾರೂ ತಟ್ಟಲಿಲ್ಲ. ಆ ಹಣದಲ್ಲಿ ಒಂದು ಹಳೆಯ ಫೈಬರ್ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ ಪೆಟ್ರೋಲ್ ಎಂಜಿನ್ ಕೊಂಡೆ.

ನಮ್ಮೂರಾಚೆ, ಹೊಳೆಗೆ ಅಡ್ಡ ಕಟ್ಟಿದ ಅಣೆಯ ಹಿಂದೆ ಕಾವೇರಿ ಅಗಲವಾಗಿ ನಿಲ್ಲುತ್ತಾಳೆ. ಊರಿನ ಸುಮಾರು ಮನೆಗಳಿಗೆ ಆಚೆ ದಡದಲ್ಲಿ ಜಮೀನು. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಎರಡು ಬಸ್ಸು, ಅರ್ಧ ದಿನ. ಹರಿಗೋಲಿನ ನಂಜಯ್ಯ ತಾತ ವರ್ಷವೆಲ್ಲ ಜನರನ್ನು ದಾಟಿಸುತ್ತಿದ್ದ. ಸುಗ್ಗಿಯಲ್ಲಿ ಒಂದೊಂದು ಮನೆಯವರೂ ಅವನಿಗೆ ರಾಗಿಯನ್ನೋ ಭತ್ತವನ್ನೋ ಅಳೆದುಕೊಡುವುದು ವಾಡಿಕೆ. ತಾತನ ತೋಳು ಸೋತ ವರ್ಷ ನನ್ನ ದೋಣಿ ಬಂತು. ಜನ ನನಗೂ ಅದೇ ವಾಡಿಕೆ ಹಚ್ಚಿದರು. ದಿನಕ್ಕೆ ಪೆಟ್ರೋಲಿನಷ್ಟು ಚಿಲ್ಲರೆ, ಮಿಕ್ಕಿದ್ದು ಸುಗ್ಗಿಗೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ; ಹೊಟ್ಟೆಗೆ ಸಾಕಾಗುತ್ತಿತ್ತು. ಆದರೆ ಎಂಜಿನ್ನಿಗೆ ಸುಗ್ಗಿ ಗೊತ್ತಿಲ್ಲ. ಅದು ಕೆಟ್ಟಾಗ ಮೂಟೆ ರಾಗಿ ತೋರಿಸಿದರೆ ಓಡುವುದಿಲ್ಲ.

ಮೊದಲ ಸಲ ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಮಳವಳ್ಳಿಗೆ ಒಯ್ದಾಗ ಜವರಣ್ಣ ಅದನ್ನು ಮೂರು ಸುತ್ತು ಹಾಕಿ ನೋಡಿದರು. ಪಂಪ್‌ಸೆಟ್‌ಗೆ ಬಾಲ ಕಟ್ಟಿದ್ದಾರೆ ಅಷ್ಟೆ, ಇದು ನೀರನ್ನು ಮೇಲಕ್ಕೆತ್ತುವ ಬದಲು ಹಿಂದಕ್ಕೆ ನೂಕುತ್ತದೆ ಎಂದು ತೀರ್ಮಾನ ಕೊಟ್ಟರು. ಬಿಚ್ಚುವ ಕೆಲಸ ನನಗೇ ಹಚ್ಚಿದರು. ಅವರ ರಿಪೇರಿ ಶೆಡ್ಡಿನ ನಿಯಮವೇ ಹಾಗೆ: ಎಂಜಿನ್ನಿನ ಯಜಮಾನ ಕೈಕಟ್ಟಿ ನಿಂತರೆ ಕೂಲಿ ಪೂರ್ತಿ, ತಾನೇ ಬಿಚ್ಚಿದರೆ ಅರ್ಧ. ನಾನು ಬಿಚ್ಚುತ್ತಿದ್ದರೆ ಅವರು ಬೀಡಿ ಹಚ್ಚಿ, ಕಾಲಿನ ಹೆಬ್ಬೆರಳಲ್ಲಿ ಯಾವ ನಟ್ಟು ಮೊದಲು ಎಂದು ತೋರಿಸುತ್ತಿದ್ದರು. ಆ ಹೆಬ್ಬೆರಳಿನಷ್ಟು ಚೆನ್ನಾಗಿ ಪಾಠ ಹೇಳಿದ ಮೇಷ್ಟರನ್ನು ನಾನು ಶಾಲೆಯಲ್ಲಿ ಕಾಣಲಿಲ್ಲ. ಶಾಲೆಯಲ್ಲಿ ನನ್ನನ್ನು ಕಂಡ ಮೇಷ್ಟರೂ ಕಡಿಮೆ, ಅದು ಬೇರೆ ಮಾತು.

ದೋಣಿಯ ಹತ್ತಿರ ಬಂದು ನೋಡಿ ಎಂದರೆ ಮಾತ್ರ ಅವರು ಒಪ್ಪುತ್ತಿರಲಿಲ್ಲ. ಹರೆಯದಲ್ಲಿ ಬಾವಿಗೆ ಮೋಟರ್ ಇಳಿಸುವಾಗ ಹಗ್ಗ ಜಾರಿ ನೀರಿಗೆ ಬಿದ್ದಿದ್ದರಂತೆ. ಆಮೇಲೆ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವರಲ್ಲ. ಹಾಗಾಗಿ ಫೋನು; ಸ್ಪೀಕರ್ ಹಾಕಿ ಜೋರಾಗಿ ಮಾತಾಡಿದರೆ ಅವರಿಗೆ ಕೇಳುತ್ತಿತ್ತು. ಎಂಜಿನ್ ಪಕ್ಕದಲ್ಲಿ ಫೋನು ಹಿಡಿದರೆ ಸದ್ದೆಲ್ಲ ಸೇರಿ ಒಂದೇ ಮುದ್ದೆಯಾಗುತ್ತದೆ, ಏನೂ ತಿಳಿಯುವುದಿಲ್ಲ ಎಂದು ರೇಗಿದರು. ನಾನು ತಮಾಷೆಗೆ ಎಂಜಿನ್ನಿನ ಹಾಗೆ ಬಾಯಲ್ಲೇ ಓಡಿ ತೋರಿಸಿದೆ. ಆ ಕಡೆಯಿಂದ ಜವರಣ್ಣ, "ತಡಿ. ಮ್ಯಾಗ್ಲುದ್ನ ಬುಡು, ಅಡೀಗೆ ಕೇಳೋದ್ನ ಮಾತ್ರ ಏಳು," ಎಂದರು. ನಾನು ಸದ್ದನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಿದೆ: ಮೇಲೆ ಗಿರ್ರೆನ್ನುವುದು, ನಡುವೆ ಕೆಮ್ಮುವುದು, ತಳದಲ್ಲಿ ಸೀಟಿ ಹೊಡೆಯುವುದು. ಪೆಟ್ರೋಲಿನ ಜಾಲರಿ ಕಟ್ಟಿದೆ ಎಂದರು. ಬಿಚ್ಚಿ ನೋಡಿದರೆ ಕಟ್ಟಿತ್ತು.

ಅಂದಿನಿಂದ ಅದೇ ನಡೆಯಿತು. ನನ್ನ ಫೋನು ಬಂದರೆ ಶೆಡ್ಡಿನಲ್ಲಿದ್ದ ರೈತರೆಲ್ಲ ಕಿವಿಗೊಟ್ಟು ನಗುತ್ತಿದ್ದರಂತೆ. ಜವರಣ್ಣ ನಗುತ್ತಿರಲಿಲ್ಲ. ಅವರಿಗೆ ಅದು ನಾಡಿ ಹಿಡಿದಂತೆ. ಜನ್ಮದಲ್ಲಿ ಮೊದಲ ಸಲ ನನ್ನ ಬಾಯನ್ನು ಯಾರೋ ಗಂಭೀರವಾಗಿ ತೆಗೆದುಕೊಂಡಿದ್ದರು.

ಎರಡನೆಯ ವರ್ಷದ ಆಷಾಢ. ಬಂಡೆಗೆ ತಗುಲಿ ಮುರಿದ, ನೀರು ಸೀಳುವ ಫ್ಯಾನು, ಕೆಟ್ಟ ಕಾರ್ಬೊರೇಟರ್ ಎರಡನ್ನೂ ಬದಲಾಯಿಸಿ ಕೈಯಲ್ಲಿ ಕಾಸು ಉಳಿದಿರಲಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದೆ ನಾಯಿ ಕೋಳಿಗೆ ಕೆಲಸವಿಲ್ಲ, ಸುಗ್ಗಿ ಇನ್ನೂ ಆರು ತಿಂಗಳಾಚೆ. ಒಂದು ಬೆಳಿಗ್ಗೆ ಎಂಜಿನ್ನಿನ ಒಳಗೆಲ್ಲೋ ಸಣ್ಣಗೆ ಟಕ ಟಕ ಎಂದು ಬಡಿದುಕೊಳ್ಳುವುದು ಕೇಳಿಸಿತು. ತಣ್ಣಗಿಡುವ ನೀರು ಪಕ್ಕದ ತೂತಿನಿಂದ ಚಿಮ್ಮಬೇಕಾದದ್ದು ತೊಟ್ಟಿಕ್ಕುತ್ತಿತ್ತು. ಹೇಳಿದರೆ ಜವರಣ್ಣ ದೋಣಿ ನಿಲ್ಲಿಸು ಎನ್ನುತ್ತಾರೆಂದು ಗೊತ್ತಿತ್ತು. ಆದರೂ ಅಭ್ಯಾಸಬಲದಿಂದ ಫೋನು ಮಾಡಿದೆ. ಗಿರ್ರೆನ್ನುವುದನ್ನು ಮಾಡಿದೆ, ಕೆಮ್ಮುವುದನ್ನು ಮಾಡಿದೆ. ಟಕ ಟಕವನ್ನು ಬಿಟ್ಟೆ.

"ಅಷ್ಟೇನೇನ್ಲಾ? ಅಡೀಗೆ ಇನ್ನೇನೂ ಇಲ್ವಾ?"

"ಅಷ್ಟೇ ಕಣಣ್ಣ."

ಪ್ಲಗ್ಗು ಒರೆಸಿ ಹಾಕು, ಸರಿಹೋಗುತ್ತದೆ ಎಂದರು. ಬಾಯಲ್ಲಿ ಸುಳ್ಳು ಹೇಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಎಂಜಿನ್ನಿನ ಬಾಯಲ್ಲಿ ಸುಳ್ಳು ಹೇಳಿಸಿದವನು ನಾನೊಬ್ಬನೇ ಇರಬೇಕು.

ಮೂರನೆಯ ದಿನ ನಡುಹೊಳೆಯಲ್ಲಿ, ಏಳು ಜನ ಕೂತಿದ್ದಾಗ, ಎಂಜಿನ್ ಒಂದು ಸಲ ಕಿರುಚಿ ಕಚ್ಚಿಕೊಂಡು ನಿಂತಿತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಅಣೆಯ ಮೇಲೆ ಮೊಣಕಾಲೆತ್ತರ ನೀರು ಹರಿಯುತ್ತಿತ್ತು. ದೋಣಿ ತಾನಾಗಿಯೇ ಮೂತಿ ತಿರುಗಿಸಿ ಆ ಕಡೆ ಹೊರಟಿತು. ಹೆಂಗಸೊಬ್ಬಳು ಬುತ್ತಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಹುಟ್ಟು ಹಾಕಿದ್ದೂ ಹಾಕಿದ್ದೇ. ದಡದಲ್ಲಿ ಕೂತಿದ್ದ ನಂಜಯ್ಯ ತಾತ ಸೋತ ತೋಳಲ್ಲೇ ಹರಿಗೋಲು ಇಳಿಸಿ ಬಂದು ಹಗ್ಗ ಎಸೆದ. ಅಣೆಗೆ ಇನ್ನೊಂದು ಮಾರು ಇದೆ ಎನ್ನುವಾಗ ಜೊಂಡಿನ ಪೊದೆಗೆ ಸಿಕ್ಕಿಕೊಂಡೆವು. ಯಾರಿಗೂ ಏನೂ ಆಗಲಿಲ್ಲ. ತಾತ ಏದುಸಿರು ಬಿಡುತ್ತಾ, ನಿನ್ನ ಎಂಜಿನ್ನಿಗೆ ಎಷ್ಟು ಸೇರು ರಾಗಿ ಕೊಡಬೇಕಪ್ಪ ಎಂದು ಕೇಳಿದ.

ಎಂಜಿನ್ನನ್ನು ಮಳವಳ್ಳಿಗೆ ಒಯ್ದು ಬಿಚ್ಚಿದೆ. ಪಿಸ್ಟನ್ನು ಸುಟ್ಟು, ಗೀಚಿ, ಗೋಡೆಗೆ ಅಂಟಿಕೊಂಡಿತ್ತು. ಜವರಣ್ಣ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿದರು. ಇದು ಒಂದೇ ದಿನಕ್ಕೆ ಆದದ್ದಲ್ಲ, ಬಡಿದುಕೊಂಡು ಬಡಿದುಕೊಂಡು ಸತ್ತಿದೆ ಎಂದರು. ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ಬೈಯುತ್ತಾರೆ, ಸ್ಪ್ಯಾನರ್ ಎಸೆಯುತ್ತಾರೆ ಎಂದು ತಲೆ ತಗ್ಗಿಸಿದ್ದೆ.

"ನಿನ್ ಬಾಯ್ನ ನನ್ ಕಿವಿ ಅಂದ್ಕಂಡಿದ್ದೆ ಕಣ್ಲಾ," ಎಂದರು. ಅಷ್ಟೇ.

ಆ ದಿನ ಅವರು ಹೇಳಿದ್ದು ಒಂದೇ ಬಿಲ್ಲು: ಮೂವತ್ತೊಂದು ಸಾವಿರ. ಅದರಲ್ಲಿ ಕೂಲಿ ಹಿಡಿದಿರಲಿಲ್ಲ. ಮಗಳು ಯಾಕಪ್ಪ ಎಂದದ್ದಕ್ಕೆ, ಸದ್ದು ಕೇಳಿ ನಂಬಿದವನದೂ ತಪ್ಪಿದೆ, ಕೂಲಿ ಬರೆಯಬೇಡ ಎಂದರು. ಪೂರ್ತಿ ಕೂಲಿ ಕಿತ್ತುಕೊಂಡಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲ. ನಾನು ಮೈಕು, ಸ್ಪೀಕರು ಎರಡನ್ನೂ ಮಾರಿದೆ. ಆ ಸಾಲಿನ ಮದುವೆಗಳಲ್ಲಿ ನಾಯಿ ಬರೀ ಗಂಟಲಲ್ಲೇ ಬೊಗಳಿತು.

ಸಾಮಾನು ಬಂದು ಎಂಜಿನ್ ರೆಡಿಯಾದ ದಿನ ಜವರಣ್ಣ ನನ್ನ ಜೊತೆಯಲ್ಲೇ ಬಸ್ಸು ಹತ್ತಿದರು. ದಡದ ಮೇಲೇ ಕೂತಿರಣ್ಣ, ಓಡಿಸಿ ಬಂದು ಸದ್ದು ಹೇಳುತ್ತೇನೆ ಎಂದೆ. ಬೇಡ, ನಾನೇ ಕೇಳುತ್ತೇನೆ ಎಂದು ಚಪ್ಪಲಿ ಬಿಟ್ಟರು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ದೋಣಿಯ ಅಂಚಿನ ಮೇಲೆ ಇಟ್ಟು, ಒಳಗೆ ಇಳಿದರು. ನಡುಹೊಳೆಯವರೆಗೂ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಕೂತಿದ್ದರು. ಕಣ್ಣು ಮುಚ್ಚಿದ್ದು ಸದ್ದು ಕೇಳುವುದಕ್ಕೋ ನೀರು ಕಾಣದಿರಲೆಂದೋ ನಾನು ಕೇಳಲಿಲ್ಲ. ಯಾರು ಕುಂಟಿದರೂ ಕೆಮ್ಮಿದರೂ ಸಂಜೆಯೊಳಗೆ ಮಾಡಿ ತೋರಿಸುವವನು ನಾನು. ಆ ಕೂತ ಭಂಗಿಯನ್ನು ಮಾತ್ರ ಇವತ್ತಿನವರೆಗೂ ಯಾರ ಮುಂದೆಯೂ ಮಾಡಿಲ್ಲ.

ಆಮೇಲೆ ಎರಡು ವರ್ಷ, ಶೆಡ್ಡಿಗೆ ರಜೆಯಿದ್ದ ಪ್ರತಿ ಅಮಾವಾಸ್ಯೆಯಂದು ಬಂದು, ಒಂದು ಸಲ ಆಚೆ ದಡ ಮುಟ್ಟಿ, ವಾಪಸ್ಸು ಬಂದು, ಅವ್ವ ಮಾಡಿದ ಮುದ್ದೆ ಸೊಪ್ಪಿನ ಸಾರು ಉಂಡು ಹೋಗುತ್ತಿದ್ದರು. ದುಡ್ಡಿಗೊಂದು ದಾರಿಯನ್ನೂ ಅವರೇ ಹಾಕಿಕೊಟ್ಟರು. "ಎಂಜಿನ್ನೂ ಒಬ್ಬ ಪ್ಯಾಸೆಂಜರ್ ಅಂದ್ಕೊ. ಅದ್ರ ಟಿಕೀಟು ನೀನು ಕೊಡ್ಬೇಕು, ಪ್ರತಿ ಸಲಾನೂವೆ." ಒಂದೊಂದು ಸಲ ದಾಟಿಸಿದಾಗಲೂ ಒಬ್ಬರ ಚಾರ್ಜು ಉಪ್ಪಿನಕಾಯಿ ಡಬ್ಬಕ್ಕೆ ಬೀಳತೊಡಗಿತು. ಆಮೇಲೂ ಎಂಜಿನ್ ಕೆಡುತ್ತಿತ್ತು, ಆದರೆ ನನ್ನ ಎದೆ ಒಡೆಯುತ್ತಿರಲಿಲ್ಲ. ಒಂದೇ ಕೊರತೆ. ನಡುವೆ ಯಾವಾಗಲಾದರೂ ಫೋನು ಮಾಡಿ ಸದ್ದು ತೆಗೆಯಲು ಹೋದರೆ, "ಅಮಾಸೆಗೆ ಬತ್ತೀನಿ ಬುಡು," ಎಂದು ಇಟ್ಟುಬಿಡುತ್ತಿದ್ದರು. ಅವರು ಮತ್ತೆ ಒಂದು ಸಲ ‘ಅಡೀಗೆ ಏನು ಕೇಳ್ತದೆ’ ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅದನ್ನು ಬಾಯಿಬಿಟ್ಟು ಕೇಳುವ ಮುಖ ನನಗಿರಲಿಲ್ಲ.

ಹೋದ ಸುಗ್ಗಿಯ ಅಮಾವಾಸ್ಯೆಗೆ ಬಂದಾಗ ಇಳಿದುಹೋಗಿದ್ದರು. ಮಂಡ್ಯದ ಆಸ್ಪತ್ರೆಯಲ್ಲಿ ಮುಂಬಲ್ಲು ಕೀಳಿಸಿಕೊಂಡಿದ್ದರು. ಮಾತು ಗಾಳಿಯಾಗಿ ಸೋರುತ್ತಿತ್ತು. ದಡದಲ್ಲಿ ಇಪ್ಪತ್ತು ಜನ ಕುಡುಗೋಲು, ಬುತ್ತಿ ಹಿಡಿದು ಕಾಯುತ್ತಿದ್ದರು. ನನಗೆ ವರ್ಷದ ಅನ್ನ ಹುಟ್ಟುವ ಹದಿನೈದು ದಿನ ಅವು. ಎಂಜಿನ್ ಹಚ್ಚಿದೆ. ಜವರಣ್ಣ ಸ್ಕ್ರೂಡ್ರೈವರನ್ನು ವಸಡಿನಲ್ಲಿ ಕಚ್ಚಲು ನೋಡಿದರು, ಜಾರಿತು. ಮತ್ತೆ ಕಚ್ಚಿದರು, ಜಾರಿತು. ಅದನ್ನು ಚೀಲದೊಳಗೆ ಹಾಕಿದರು.

"ಕಿವಿ ಪೂರ್ತಿ ಓದವು. ಈಗ ಅಲ್ಲೂ ಓದ್ವು. ನೀನೇ ಏಳ್ಲಾ, ಏನ್ ಕೇಳ್ತದೆ?"

ತಳದಲ್ಲಿ, ಗೇರಿನ ಹತ್ತಿರ, ಕೂದಲೆಳೆಯಷ್ಟು ಸಣ್ಣಗೆ ಒಂದು ಉಜ್ಜಾಟವಿತ್ತು. ನನಗೊಬ್ಬನಿಗೇ ಕೇಳುವಂಥದ್ದು. ಬಿಟ್ಟರೆ ಸುಗ್ಗಿ ಮುಗಿಯುವವರೆಗೆ ಓಡಲೂಬಹುದು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಎಂಜಿನ್ ಆರಿಸಿ, ಅವರ ಕಿವಿಯ ಹತ್ತಿರ ಬಾಯಿಟ್ಟು ಪೂರ್ತಿ ಸದ್ದು ಮಾಡಿದೆ, ಆ ಉಜ್ಜಾಟವನ್ನೂ ಸೇರಿಸಿ. ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದರು. ಆಮೇಲೆ ಕೈ ಚಾಚಿ, ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟರು. ಗ್ರೀಸು ಕುಡಿದು ಕುಡಿದು ಒರಟಾದ ಕೈ. ಇನ್ನೊಂದು ಸಲ ಎಂದರು. ಮಾಡಿದೆ. ದಡದವರು ನಗುತ್ತಿದ್ದರು. ಮೂರನೆಯ ಸಲ ತಳದ್ದನ್ನು ಮಾತ್ರ ಮಾಡಿಸಿದರು. ಕಣ್ಣು ಬಿಟ್ಟು, "ಗೇರಿನ ಬೇರಿಂಗು. ಇಳ್ಸು ಎಂಜಿನ್ನ," ಎಂದರು.

ಇಳಿಸಿದೆ. ಈ ದಿನ ದೋಣಿಯಿಲ್ಲ ಎಂದು ಜನರಿಗೆ ಹೇಳಿದೆ. ಚೆನ್ನಾಗಿಯೇ ಓಡುತ್ತಿತ್ತಲ್ಲ ಎಂದು ಬೈದುಕೊಂಡು ರಸ್ತೆ ಹಿಡಿದರು. ನಾನು ಕೊನೆಯ ನಟ್ಟು ಬಿಚ್ಚುವವರೆಗೆ ಜವರಣ್ಣ ಕಲ್ಲಿನ ಮೇಲೆ ಕೂತಿದ್ದರು, ಒಂದು ಸಲವೂ ಕಾಲು ಚಾಚಿ ತೋರಿಸಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹತ್ತಿಸುವಾಗ, ಮುಂದಿನ ಅಮಾವಾಸ್ಯೆಗೆ ನಾನೇ ಬಂದು ಕರೆದುಕೊಂಡು ಬರಲೇ ಎಂದು ಕಿವಿಯಲ್ಲಿ ಕೂಗಿದೆ.

"ನಾನ್ಯಾಕ್ಲಾ ಬರ್ಲಿ?" ಎಂದು ಒಳಗೆ ಹೋಗಿ ಕೂತರು.

ಬೇರಿಂಗು ತರಿಸಲು ಎಂಟು ದಿನ ಹಿಡಿಯಿತು. ನಾನೇ ಕೂರಿಸಿದೆ. ದೋಣಿ ನೀರಿಗಿಳಿಸಿ, ನಡುಹೊಳೆಗೆ ಹೋಗಿ, ಸದ್ದು ನಿಚ್ಚಳವಾಗಿದೆ ಎಂದು ಮಗಳಿಂದ ಅವರಿಗೆ ಹೇಳಿಸಲು ಅಲ್ಲಿಂದಲೇ ಫೋನು ಮಾಡಿದೆ. ಸಾವಿತ್ರಿ ಎತ್ತಿದಳು. ಅಪ್ಪ ತೀರಿಹೋಗಿ ಮೂರು ದಿನವಾಯಿತು ಕಣಣ್ಣ, ಗಲಾಟೆಯಲ್ಲಿ ನಿನಗೆ ಹೇಳಿಕಳಿಸಲು ಆಗಲಿಲ್ಲ ಎಂದಳು. ನಾನು ಎಂಜಿನ್ ಆರಿಸಿದೆ. ಇನ್ನೊಂದು ಸಲ ಹೇಳಮ್ಮ ಎಂದೆ. ಅವಳು ಹೇಳಿದಳು.