ಸರಸ್ವತಿ ಪೂಜೆಗೆ ಕೂತ ಕರಣೆ

ಈಚೆಗೆ ಒಂದು ಮಧ್ಯಾಹ್ನ, ಮಾಡಲು ಬೇರೇನೂ ಕೆಲಸವಿಲ್ಲದೆ ನನ್ನ ಮೊಬೈಲಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಪಾರಾಯಣ ಮಾಡುತ್ತಿದ್ದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ನೆಂಟರಿಷ್ಟರು, ಸ್ನೇಹಿತರು, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ನನ್ನ ಜತೆ ಸೀಮೆಸುಣ್ಣದ ಪುಡಿ ಕುಡಿದ ಸಹೋದ್ಯೋಗಿಗಳು, ಇವರೆಲ್ಲ ಅವರವರ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿಯೇ ಅಲ್ಲಿ ವಿರಾಜಮಾನರಾಗಿದ್ದಾರೆ. ನಡುನಡುವೆ ಮಾತ್ರ ‘ಕರೆಂಟು ರವಿ’, ‘ನಲ್ಲಿ ಕುಮಾರ’, ‘ಮರಗೆಲಸ ಹೂಟಗಳ್ಳಿ’, ‘ಪೇಂಟು, ಗಡ್ಡದವರು’ ಎಂಬಂಥ ಒಂಬತ್ತು ಹೆಸರುಗಳಿವೆ. ನವಗ್ರಹಗಳ ಸಂಖ್ಯೆಯೂ ಒಂಬತ್ತೇ, ಆದರೆ ಗ್ರಹಗಳು ಪ್ರದಕ್ಷಿಣೆ ಹಾಕಿದವರ ಮೇಲೆ ಒಮ್ಮೊಮ್ಮೆಯಾದರೂ ಪ್ರಸನ್ನವಾಗುತ್ತವೆಯಂತೆ. ಈ ಒಂಬತ್ತು ಮಂದಿ ಫೋನು ಎತ್ತುವುದಿಲ್ಲ.

ಎತ್ತದಿದ್ದರೆ ಹೋಗಲಿ ಎಂದು ಸುಮ್ಮನಿರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಹೂವು ತರಲು ಹೋದ ನನ್ನ ಹೆಂಡತಿ ವಿಮಲಾ ಮಾರ್ಕೆಟ್ಟಿನ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಸುಸೂತ್ರವಾಗಿ ಆಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮುಂದೆ ಇವರು ಕುಕ್ಕರಗಾಲಿನಲ್ಲಿ ಕೂರಲೇಬಾರದು, ಮನೆಯಲ್ಲಿ ಕಮೋಡು ಇದೆ ತಾನೆ, ಎಂದು ಕೇಳಿದರು. ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಎರಡು ಬೀರು ತುಂಬ ಪುಸ್ತಕಗಳಿವೆ, ತಂಬೂರಿ ಇದೆ, ಯಾರೋ ಸನ್ಮಾನದಲ್ಲಿ ಕೊಟ್ಟ ಹನ್ನೊಂದು ಶಾಲುಗಳಿವೆ. ಕಮೋಡು ಇಲ್ಲ. ಹಾಗಾಗಿ ವಿಮಲಾ ಆಸ್ಪತ್ರೆಯಿಂದ ನೇರವಾಗಿ ಕುವೆಂಪುನಗರದ ತಂಗಿಯ ಮನೆಗೆ ಹೋದಳು. ಅಲ್ಲಿ ಲಿಫ್ಟು, ಕಮೋಡು, ಬಿಸಿನೀರು ಎಲ್ಲವೂ ಇದ್ದವು, ಅವಳ ಮನಸ್ಸೊಂದು ಇರಲಿಲ್ಲ. ದಿನವೂ ಸಂಜೆ ಫೋನು ಮಾಡಿ, ನನ್ನ ಊಟ ತಿಂಡಿಯ ವಿಚಾರವನ್ನೂ ಎತ್ತದೆ, ‘ಆಯ್ತೇನ್ರೀ?’ ಎಂದು ಒಂದೇ ಮಾತು ಕೇಳುತ್ತಿದ್ದಳು. ಇನ್ನೂ ಇಲ್ಲವೆಂದರೆ ಫೋನು ಇಟ್ಟುಬಿಡುತ್ತಿದ್ದಳು. ಒಂದು ದಿನ ಮಾತ್ರ ಅತ್ತುಬಿಟ್ಟಳು. ‘ವಿಜಯದಶಮಿ ದಿನ ನಾನು ಇನ್ನೊಬ್ಬರ ಮನೇಲಿ ಇರಲ್ಲ ಕಣ್ರೀ. ಅಷ್ಟರೊಳಗೆ ನನ್ನನ್ನ ಕರ್ಕೊಂಡು ಹೋಗಿ’ ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಏನನ್ನಾದರೂ ಬೇಡಿದ್ದು ಬೆರಳೆಣಿಕೆಯಷ್ಟು ಸಲ. ಹೇಗಾದರೂ ಮಾಡಿ ದಶಮಿಗೆ ಕರೆತರುತ್ತೇನೆಂದು ಮಾತು ಕೊಟ್ಟೆ.

ಮಾತು ಕೊಟ್ಟವನಿಗೆ ಕೆಲಸಗಾರ ಸಿಗಬೇಕಲ್ಲ. ಬಂದು ನೋಡಿದವರೆಲ್ಲರೂ ‘ಒಂದ್ ದಿನದ್ ಕೆಲ್ಸ’ ಎಂದು ಏಕಕಂಠದಿಂದ ತೀರ್ಪು ಕೊಟ್ಟರು, ಆದರೆ ಆ ಒಂದು ದಿನ ಯಾರ ಪಂಚಾಂಗದಲ್ಲಿಯೂ ಇರಲಿಲ್ಲ. ರಿಂಗ್ ರೋಡಿನಾಚೆ ಎದ್ದು ನಿಲ್ಲುತ್ತಿರುವ ಮಹಾಸೌಧಗಳಲ್ಲಿ ವರ್ಷಗಟ್ಟಲೆ ಕೆಲಸವಿರುವಾಗ ನಿವೃತ್ತ ಮೇಷ್ಟ್ರ ನಾಲ್ಕಡಿ ಬಚ್ಚಲಿಗೆ ಯಾರು ಬರುತ್ತಾರೆ? ಆ್ಯಪಿನಲ್ಲಿ ಬುಕ್ ಮಾಡಿ ಎಂದರು ಕೆಲವರು. ಮಾಡಿದೆ. ಇಸ್ತ್ರಿ ಮಾಡಿದ ಟೀ ಶರಟಿನ ತರುಣನೊಬ್ಬ ಬಂದು, ಹೆಣ್ಣು ನೋಡಲು ಬಂದವರ ಹಾಗೆ ಎಲ್ಲ ಕಡೆಯಿಂದಲೂ ನೋಡಿ, ಫೋಟೋ ತೆಗೆದುಕೊಂಡು, ತಿಳಿಸುತ್ತೇವೆ ಎಂದು ಹೋದವನು ಇಂದಿಗೂ ತಿಳಿಸಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಎಂಜಿನಿಯರುಗಳಿದ್ದಾರೆ. ಎದುರು ಮನೆಯ ನಿವೃತ್ತ ಸಿವಿಲ್ ಎಂಜಿನಿಯರು ನನ್ನ ಪಾಡು ಕೇಳಿ ಮರುಗಿ, ಎರಡು ದಿನ ಕೂತು, ನಮ್ಮ ಬಚ್ಚಲಿನ ಅತ್ಯಂತ ಸುಂದರವಾದ ನಕ್ಷೆಯೊಂದನ್ನು ಮೂರು ಬಣ್ಣದ ಪೆನ್ನಿನಲ್ಲಿ ಬರೆದುಕೊಟ್ಟರು. ಅದನ್ನು ಕಟ್ಟು ಹಾಕಿಸಬಹುದಿತ್ತು. ಅದರ ಮೇಲೆ ಕೂರಲು ಮಾತ್ರ ಬರುವುದಿಲ್ಲ!

ಕಡೆಗೆ ಮಂಡಿ ಮೊಹಲ್ಲಾದ ಹಾರ್ಡ್‌ವೇರ್ ಅಂಗಡಿಯವರೊಬ್ಬರನ್ನು ಕಾಡಿ ಬೇಡಿ ಸಂಪಾದಿಸಿದ ನಂಬರು ಮಾದೇವಣ್ಣನವರದು. ಹೂಟಗಳ್ಳಿಯಿಂದ ಆಚೆಯ ಹಳ್ಳಿಯವರು, ಒಕ್ಕಲು ಮನೆತನ, ಸಣ್ಣ ವಯಸ್ಸಿನಲ್ಲೇ ಸೋದರಮಾವನ ಹಿಂದೆ ಗಾರೆ ಕೆಲಸಕ್ಕೆ ಬಂದು ಆಮೇಲೆ ಟೈಲ್ಸು, ಪೈಪು ಎಲ್ಲವನ್ನೂ ಕಲಿತವರು. ಐವತ್ತರ ಆಸುಪಾಸು, ಬಡಕಲು ಮೈ, ಕಡಿಮೆ ಮಾತು. ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಬಚ್ಚಲಿನ ನೆಲವನ್ನು ಅಲ್ಲಲ್ಲಿ ತಟ್ಟಿ, ಸದ್ದು ಕೇಳಿ, ಒಳಗಿನ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಎದುರು ಮನೆಯವರ ನಕ್ಷೆಯಲ್ಲಿ ಅದು ಬೇರೆ ಕಡೆ ಇತ್ತು. ಹೊರಡುವಾಗ ಸಿಮೆಂಟು ಮೆತ್ತಿದ ತಮ್ಮ ಚೀಲವನ್ನು ಹಾಲಿನ ಮೂಲೆಯಲ್ಲಿಟ್ಟು, ‘ಸಾಮಾನು ಇಲ್ಲೇ ಇರ್ಲಿ ಸಾ, ನಾಳೆ ಬೆಳಿಗ್ಗೆ ಬತ್ತೀನಿ’ ಎಂದರು.

ಕೆಲಸಗಾರ ತನ್ನ ಉಪಕರಣಗಳನ್ನು ನಿಮ್ಮ ಮನೆಯಲ್ಲಿ ಬಿಟ್ಟುಹೋಗುವುದೆಂದರೆ ಎಂಥ ಭರವಸೆ! ಮದುವೆ ನಿಶ್ಚಯವಾದಷ್ಟು ಸಂಭ್ರಮದಿಂದ ನಾನು ವಿಮಲಾಗೆ ಫೋನು ಮಾಡಿದೆ. ಕಮೋಡು, ಟೈಲ್ಸು, ಸಿಮೆಂಟು, ಮರಳು ಎಲ್ಲವನ್ನೂ ಅವತ್ತೇ ತರಿಸಿಟ್ಟು, ಮರುದಿನ ಬೆಳಿಗ್ಗೆ ಆರಕ್ಕೇ ಎದ್ದು ಗೇಟಿನ ಚಿಲಕ ತೆಗೆದಿಟ್ಟೆ. ಮಾದೇವಣ್ಣ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಕೇಳಿಸುತ್ತಿದ್ದ ಮಾದಪ್ಪನ ಹಾಡು ನನಗೆ ಪಲ್ಲವಿಯಿಂದ ಮೊದಲ ಚರಣದವರೆಗೆ ಬಾಯಿಪಾಠವಾಯಿತು. ಮುಂದಿನ ಚರಣ ಹೇಗಿದೆಯೋ ತಿಳಿಯದು, ಅಷ್ಟರಲ್ಲಿ ಕರೆ ಕಡಿದುಹೋಗುತ್ತದೆ. ಹನ್ನೊಂದು ದಿನ ಹೀಗೇ ಕಳೆದ ಮೇಲೆ ಹಾರ್ಡ್‌ವೇರಿನವರ ಹತ್ತಿರ ಹೋಗಿ, ಅವರ ಚೀಲವೇ ನಮ್ಮ ಮನೆಯಲ್ಲಿದೆ, ಪಾಪ ಬೇರೆ ಕಡೆ ಬರಿಗೈಯಲ್ಲಿ ಹೇಗೆ ಕೆಲಸ ಮಾಡುತ್ತಿದ್ದಾರೋ, ಎಂದು ಕಾಳಜಿ ತೋರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಅವ್ರದ್ದು ನಾಕು ಚೀಲ ಇವೆ ಸಾರ್, ನಾಕು ಮನೇಲಿ. ಚೀಲ ಬಿಟ್ಟವ್ರೆ ಅಂದ್ರೆ ಕೆಲಸ ಒಪ್ಕೊಂಡವ್ರೆ ಅಂತ ಅಷ್ಟೇ’ ಎಂದರು. ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನಾನೂ ಬೇಕಾದಷ್ಟು ಸಲ ಮಾಡಿದ್ದೇನೆ. ಸೀಟಿಗೆ ಹೇಗನ್ನಿಸುತ್ತದೆ ಎಂದು ತಿಳಿದದ್ದು ಆವತ್ತೇ.

ಇಷ್ಟರಲ್ಲಿ ನವರಾತ್ರಿ ಕಾಲಿಟ್ಟು ಆರು ದಿನವಾಗಿತ್ತು. ಊರೆಲ್ಲ ದೀಪ, ನಮ್ಮ ಬೀದಿಯಲ್ಲೂ ಸರದ ದೀಪ, ನಮ್ಮ ಬಚ್ಚಲು ಮಾತ್ರ ಹಾಗೆಯೇ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ. ಮೇಷ್ಟ್ರ ಮನೆಯಾದ್ದರಿಂದ ನಮ್ಮಲ್ಲಿ ಅದು ದೊಡ್ಡ ಹಬ್ಬ. ಆ ದಿನ ಮಣೆಯ ಮೇಲೆ ಪುಸ್ತಕಗಳನ್ನು ಪೂಜೆಗೆ ಇಟ್ಟರೆ ವಿಜಯದಶಮಿಯ ಬೆಳಿಗ್ಗೆ ಮರುಪೂಜೆಯಾಗುವ ತನಕ ಅವನ್ನು ಅಲುಗಿಸುವಂತಿಲ್ಲ, ಓದುವಂತಿಲ್ಲ. ಪ್ರತಿ ವರ್ಷ ಎಲ್ಲವನ್ನೂ ಅಣಿ ಮಾಡುತ್ತಿದ್ದವಳು ಇಲ್ಲದೆ ನಾನೊಬ್ಬನೇ ನಿಘಂಟು, ವ್ಯಾಕರಣ, ಪಂಚಾಂಗಗಳನ್ನು ಜೋಡಿಸುತ್ತಿದ್ದಾಗ ಮೂಲೆಯ ಚೀಲ ಕಣ್ಣಿಗೆ ಬಿತ್ತು. ಭಕ್ತಿಯಿಂದ ಮಾಡಿದೆನೆಂದು ಸುಳ್ಳು ಹೇಳಲಾರೆ. ನನ್ನ ಫೋನಿಗೆ ಬಗ್ಗದವರು ಸರಸ್ವತಿಯ ಮುಲಾಜಿಗಾದರೂ ಬಗ್ಗಲಿ ಎಂಬ ಶುದ್ಧ ಸ್ವಾರ್ಥದಿಂದ, ಅರ್ಧ ಸಿಟ್ಟಿನಿಂದ, ಕರಣೆ, ಉಳಿ, ಸುತ್ತಿಗೆ, ರಸಮಟ್ಟಗಳನ್ನು ಹೊರತೆಗೆದು ತೊಳೆದು, ನಿಘಂಟಿನ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ ಎತ್ತಿಬಿಟ್ಟೆ. ಸಂಜೆ ಇದನ್ನು ಕೇಳಿ ವಿಮಲಾ ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಗೇಟು ಸದ್ದಾಯಿತು. ಸಾಕ್ಷಾತ್ ಮಾದೇವಣ್ಣ! ದೊಡ್ಡ ಕೆಲಸದ ಕಡೆ ಹಬ್ಬಕ್ಕೆಂದು ರಜ ಕೊಟ್ಟಿದ್ದರಂತೆ. ಇವತ್ತು ಇಡೀ ದಿನ ಬಿಡುವು, ನಾಳೆ ಆಯುಧಪೂಜೆ, ಸಾಮಾನು ಮುಟ್ಟುವಂತಿಲ್ಲ, ಆಮೇಲೆ ಬೇರೆ ಕಡೆ ತಾರಸಿ ಮೋಲ್ಡು. ‘ಇವತ್ತು ಬುಟ್ರೆ ಇನ್ ದೀಪಾವಳಿಗೇ ಸಾ. ಎಲ್ಲಿ, ಚೀಲ ಕೊಡಿ’ ಎಂದರು.

ನಾನು ದೇವರ ಮಣೆಯ ಕಡೆ ಕೈ ತೋರಿಸಿದೆ. ಮಾದೇವಣ್ಣ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಪುಸ್ತಕಗಳ ಪಕ್ಕದಲ್ಲಿ ಹೂವು ಮುಡಿದು ಕೂತಿದ್ದ ತಮ್ಮ ಕರಣೆಯನ್ನು ತುಂಬ ಹೊತ್ತು ನೋಡಿ, ಕೈ ಮುಗಿದು, ಹಿಂದಕ್ಕೆ ಸರಿದು ನಿಂತರು. ‘ಪೂಜೆಗೆ ಕೂತಿರೋದ್ನ ಎಂಗ್ ಸಾ ಎತ್ತೋದು?’ ಎಂದರು. ಹನ್ನೊಂದು ದಿನ ಕಾದು ಕೂತವನು ಹನ್ನೆರಡನೆಯ ದಿನ ನನ್ನ ಕೈಯಾರೆ ಬಾಗಿಲು ಹಾಕಿಕೊಂಡಿದ್ದೆ. ಮಂತ್ರ ಹೇಳಿ ಅವಷ್ಟನ್ನು ಮಾತ್ರ ಈಗಲೇ ವಿಸರ್ಜನೆ ಮಾಡಿಬಿಡುತ್ತೇನೆ, ಶಾಸ್ತ್ರದಲ್ಲಿ ಅವಕಾಶವಿದೆ, ಎಂದು ಇಲ್ಲದ ಶಾಸ್ತ್ರವನ್ನು ಉದ್ಧರಿಸಿದೆ. ‘ಬ್ಯಾಡಿ ಸಾ. ಉಸಾರಿಲ್ದೆ ಇರೋ ಅಮ್ಮೋರು ಬರೋ ಮನೆ. ಅಂಗೆಲ್ಲಾ ಮಾಡಬಾರ್ದು’ ಎಂದರು. ಬೇರೆ ಮೂರು ಚೀಲಗಳಲ್ಲಿ ಒಂದನ್ನು ತರಬಹುದಲ್ಲ ಎಂದದ್ದಕ್ಕೆ ಮೊದಲ ಸಲ ನಕ್ಕು, ‘ಅಲ್ಲಿಗೋದ್ರೆ ಅವ್ರು ಬುಟ್ಟಾರಾ ಸಾ?’ ಎಂದರು. ಅದೂ ನಿಜವೇ. ನಾನಾದರೂ ಬಿಡುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕೈಗೆ ಸಿಕ್ಕವರು ಸಿಗ್ನಲಿನಲ್ಲಿ ಇಳಿದು ಹೋಗಿಬಿಟ್ಟರೆ ಎಂದು ಕನ್ನಡಿಯಲ್ಲಿ ಕಾವಲು ಕಾಯುತ್ತಾ ಮಂಡಿ ಮೊಹಲ್ಲಾಕ್ಕೆ ಹೋದೆ. ಅಂಗಡಿ ತೆರೆಯಲು ಇನ್ನೂ ಒಂದು ಗಂಟೆಯಿತ್ತು. ಮೆಟ್ಟಿಲ ಮೇಲೆ ಕೂತು ಕಾದೆವು. ತೆರೆದ ಮೇಲಾದರೂ ಮೊದಲು ಸಿಕ್ಕಿದ ಕರಣೆಯನ್ನು ಎತ್ತಿಕೊಂಡರೇ? ಹತ್ತು ಹನ್ನೆರಡನ್ನು ಒಂದೊಂದಾಗಿ ಕೈಯಲ್ಲಿ ತೂಗಿ, ಮೆಟ್ಟಿಲಿಗೆ ತಟ್ಟಿ ಸದ್ದು ಕೇಳಿ, ಹಿಡಿ ತಿರುಗಿಸಿ, ಒಂದೂ ಸರಿಯಿಲ್ಲವೆಂದು ತಲೆಯಾಡಿಸಿದರು. ನನ್ನ ರಕ್ತದೊತ್ತಡ ಏರುತ್ತಿತ್ತು. ಕಡೆಗೊಂದನ್ನು, ಬೀಗರ ಮನೆಯ ಅಡಿಗೆ ಒಪ್ಪಿಕೊಂಡ ಹಾಗೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡು, ಉಳಿ ಸುತ್ತಿಗೆಯನ್ನೂ ಆರಿಸಿಕೊಂಡು ಎದ್ದಾಗ ಹತ್ತೂವರೆ.

ಅಲ್ಲಿಂದ ಮುಂದೆ ಸಂಜೆಯ ತನಕ ನಾನು ಕಂಡದ್ದನ್ನು ವರ್ಣಿಸಲು ನನ್ನ ಕನ್ನಡ ಪಾಂಡಿತ್ಯ ಸಾಲದು. ಕೈಯಾಳು ಇಲ್ಲದ್ದರಿಂದ ಮರಳು ಹೊರಲು ನಾನೇ ಮುಂದಾದೆ. ಎರಡನೆಯ ಬಾಂಡ್ಲಿಗೇ ‘ನೀವು ಓಗಿ ಕೂತ್ಕಳಿ ಸಾ’ ಎಂದು ಸೌಜನ್ಯದಿಂದ ನನ್ನನ್ನು ಸೇವೆಯಿಂದ ಮುಕ್ತಗೊಳಿಸಿದರು. ಮಟ್ಟ ನೋಡುವ ರಸಮಟ್ಟ ಪೂಜೆಯಲ್ಲಿ ಕೂತಿತ್ತಾದ್ದರಿಂದ ಸ್ಟೀಲಿನ ತಟ್ಟೆಯೊಂದನ್ನು ಕೇಳಿ, ಅದರಲ್ಲಿ ನೀರು ಹಾಕಿ, ಕಮೋಡಿನ ಮೇಲಿಟ್ಟು, ನೀರು ನಾಲ್ಕೂ ಅಂಚಿಗೆ ಸಮವಾಗಿ ನಿಲ್ಲುವ ತನಕ ಕೂದಲೆಳೆಯಷ್ಟು ಎತ್ತಿ ಇಳಿಸಿ ಕೂರಿಸಿದರು. ನೆಲ ಮುಗಿಸಿ ಒಂದು ಚೊಂಬು ನೀರು ಚೆಲ್ಲಿದರು, ಅದು ಅಲ್ಲಿ ಇಲ್ಲಿ ನಿಲ್ಲದೆ ನೇರವಾಗಿ ತೂಬಿಗೆ ಹೋಯಿತು. ಗೋಡೆಗೆ ಹಿಡಿಕೆ ಕೂರಿಸುವಾಗ ಕೆಲಸ ನಿಲ್ಲಿಸಿ, ‘ಅಮ್ಮೋರು ಎಷ್ಟೆತ್ತರ ಅವ್ರೆ ಸಾ?’ ಎಂದು ಕೇಳಿದರು. ನಲವತ್ತು ವರ್ಷ ಜತೆಗಿದ್ದವನಿಗೆ ಉತ್ತರ ತಿಳಿದಿರಲಿಲ್ಲ. ಹೀಗೆ, ನನ್ನ ಭುಜಕ್ಕೆ ಬರುತ್ತಾಳೆ, ಎಂದು ಕೈಯಲ್ಲಿ ತೋರಿಸಿದೆ. ಅವರು ತಾವೇ ಕುಗ್ಗಿ, ಅಷ್ಟೆತ್ತರವಾಗಿ, ನೋವಿರುವವರ ಹಾಗೆ ಕೂತು ಎದ್ದು, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಹಾಕಿದರು. ಮರುದಿನ ಆಯುಧಪೂಜೆ, ಸಿಮೆಂಟು ಗಟ್ಟಿಯಾಗಲು ಬೇಕಾದ ಒಂದು ದಿನ ಅದೇ ಆಯಿತು.

ವಿಜಯದಶಮಿಯ ಬೆಳಿಗ್ಗೆ ವಿಮಲಾ ಮನೆಗೆ ಬಂದಳು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. ಈಚೆ ಬಂದವಳ ಕಣ್ಣು ಒದ್ದೆಯಾಗಿತ್ತು. ‘ಹಿಡಿಕೆ ಸರಿಯಾಗಿ ನನ್ನ ಕೈಗೇ ಸಿಗತ್ತೆ ಕಣ್ರೀ’ ಎಂದು, ತನ್ನ ಕುರ್ಚಿಯಲ್ಲಿ ತಾನು ಕೂತಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮರುಪೂಜೆ ಮುಗಿಸಿದ ಹೊತ್ತಿಗೆ ಸರಿಯಾಗಿ ಚೀಲಕ್ಕೆಂದು ಬಂದ ಮಾದೇವಣ್ಣನವರನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಇಂಥ ವಿದ್ಯೆ ನಿಮ್ಮೊಂದಿಗೇ ಮುಗಿದುಹೋಗಬಾರದು, ಮಗನಿಗೆ ಕಲಿಸಿದ್ದೀರಿ ತಾನೆ, ಎಂದು ಕೇಳಿದೆ.

‘ಅಯ್ಯೋ, ಎಲ್ಲಾರ ಉಂಟಾ ಸಾ!’ ಎಂದರು. ‘ನಮ್ ಇಸ್ಕೂಲ್ ಮೇಷ್ಟ್ರು ನಂಗೆ ದಿನಾ ಅಂತಿದ್ರು, ಓದ್ದೆ ಇದ್ರೆ ಗಾರೆ ಕೆಲ್ಸಕ್ಕೇ ಓಗದು ಕಣೋ ನೀನು ಅಂತ. ಕ್ಲಾಸಿನ್ ಐಕಳೆಲ್ಲಾ ನಗ್ತಿದ್ವು. ಅಂಗೇ ಆಯ್ತು ನೋಡಿ. ಈಗ ನನ್ ಮಗಂಗೆ ನಾನೂ ಅದ್ನೇ ಯೋಳ್ತೀನಿ. ಕಾಲೇಜಿಗೋಯ್ತಾವ್ನೆ.’

ಓದುಗರೇ, ಆ ಮೇಷ್ಟ್ರು ನಾನಲ್ಲ. ಅವರ ಹಳ್ಳಿಯ ಶಾಲೆಯನ್ನು ನಾನು ಕಂಡವನೇ ಅಲ್ಲ. ಆದರೆ ಆ ಮಾತು ನನ್ನದು. ಮೂವತ್ತೆರಡು ವರ್ಷ, ಸಂಧಿ ತಪ್ಪಿದವರಿಗೆ, ಪದ್ಯ ಬಾರದವರಿಗೆ, ಕಿಟಕಿಯಾಚೆ ನೋಡುತ್ತಾ ಕೂತ ಕೊನೆಯ ಬೆಂಚಿನವರಿಗೆ ಅದೇ ಮಾತನ್ನು ಅಕ್ಷರ ಬಿಡದೆ ಹೇಳಿದ್ದೇನೆ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ತರಗತಿ ನಗುತ್ತಿತ್ತು, ನನಗೆ ಆ ನಗು ಹಿತವಾಗಿತ್ತು. ಮೂರು ವಾರ ಊರಿನ ಮೇಲೆ, ಕಾಲದ ಮೇಲೆ, ಫೋನು ಎತ್ತದವರ ಮೇಲೆ ಹಾರಾಡಿದ್ದೇನಲ್ಲ, ಹುಡುಗರನ್ನು ಒಬ್ಬೊಬ್ಬರನ್ನಾಗಿ ಆ ಕೆಲಸದಿಂದ ಗದರಿಸಿ ಓಡಿಸಿದವರಲ್ಲಿ ನಾನೂ ಒಬ್ಬ.

ಬಾಯಿ ಬಿಟ್ಟು ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಮಾದೇವಣ್ಣನವರೇ, ‘ನೀವು ಅಂಥಾ ಮೇಷ್ಟ್ರಲ್ಲ ಬುಡಿ ಸಾ. ಪುಸ್ತಕದ್ ಪಕ್ಕದಲ್ಲಿ ನನ್ ಕರಣೆ ಕೂರಿಸಿದ್ರಿ. ಯಾರ್ ಕೂರಿಸ್ತಾರೆ?’ ಎಂದರು. ಕುರ್ಚಿಯಲ್ಲಿದ್ದ ವಿಮಲಾ ತಲೆಯೆತ್ತಿ ನನ್ನನ್ನು ನೋಡಿದಳು. ಶಾಲೆಯಿಂದ ಬಂದ ಎಷ್ಟೋ ಸಂಜೆ, ಇವತ್ತು ಯಾರಿಗೆ ಏನೆಂದೆ, ಹುಡುಗರು ಹೇಗೆ ನಕ್ಕರು ಎಂದು ನಾನು ಕಾಫಿ ಕುಡಿಯುತ್ತಾ ವರದಿ ಒಪ್ಪಿಸಿದ್ದು ಅವಳಿಗೇ. ನಾನು ಬಗ್ಗಿ ಕರಣೆಯ ಮೇಲಿನ ಹೂವು ಸರಿಮಾಡಿದೆ.

ಮಗನಿಗೆ ತೋರಿಸಬೇಕು, ಒಂದು ಫೋಟೋ ಎಂದು ಮಾದೇವಣ್ಣ ಮೊಬೈಲು ತೆಗೆದರು. ಕರಣೆ, ನಿಘಂಟು, ಕುಂಕುಮ, ಹೂವು ಎಲ್ಲ ಬರುವ ಹಾಗೆ ಹಿಂದೆ ಮುಂದೆ ಸರಿದು ನೋಡಿ, ನನ್ನನ್ನೂ ಮಣೆಯ ಪಕ್ಕದಲ್ಲಿ ನಿಲ್ಲಿಸಿದರು.

‘ಒಸಿ ನಗಿ ಸಾ’ ಎಂದರು.

ನಕ್ಕೆ.