ಗಾಡಿ ಇಲ್ಲದಾಗ ಕೆಲಸವಿಲ್ಲ

ನಾವು ನ್ಯೂ ಜೆರ್ಸಿಯ ಪಿಸ್ಕಾಟವೇಯಲ್ಲಿ ಸಂಸಾರ ಹೂಡಿದ್ದ ಆ ವರ್ಷಗಳಲ್ಲಿ, ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ ಊರಿನದು, ಎರಡನೆಯದು ‘ನೀವು ಯಾವುದರಲ್ಲಿದ್ದೀರಿ?’ ಎಂಬುದು. ಜಾವಾ, ಒರಾಕಲ್, ಮೇನ್‌ಫ್ರೇಮ್, ಉತ್ತರ ಇಷ್ಟರೊಳಗೇ ಇರಬೇಕೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಎರಡು ಸಾವಿರದ ಇಸವಿ ಕಾಲಿಟ್ಟ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆತಿರುಗಿ ಬೀಳುತ್ತವೆಂಬ ಭಯ ಹಬ್ಬಿ, ನಮ್ಮಂಥವರಿಗೆಲ್ಲ ಕೈತುಂಬ ಕೆಲಸವಿದ್ದ ಕಾಲ. ನಾನು ಟೆಲಿಫೋನ್ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು. ‘ಟೆಸ್ಟಿಂಗ್’ ಎಂದರೆ ಮಾತು ಅಲ್ಲಿಗೇ ಮುಗಿದು, ತಟ್ಟೆಯ ಪುಳಿಯೋಗರೆಯ ಕಡೆಗೆ ತಿರುಗುತ್ತಿತ್ತು. ಆದರೆ ಅದೇ ಪ್ರಶ್ನೆಯನ್ನು ನನ್ನ ಹೆಂಡತಿ ವಿನುತಾಳಿಗೆ ಕೇಳಿದವರ ಚಮಚ ಮಾತ್ರ ಬಾಯಿಯ ಹತ್ತಿರ ನಿಂತುಬಿಡುತ್ತಿತ್ತು.

‘ನೆಲಬಾಂಬಿನಲ್ಲಿ,’ ಎನ್ನುತ್ತಿದ್ದಳು ಅವಳು, ಒರಾಕಲ್ ಎಂದಷ್ಟೇ ಸಹಜವಾಗಿ.

ಒಮ್ಮೆ ಇಂಥದೇ ಒಂದು ಊಟದ ಕೂಟದಲ್ಲಿ, ನಮಗೆಲ್ಲ ಹಿರಿಯರಾದ ನಾಗರಾಜ್ ಅಂಕಲ್ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದೊಯ್ದು ದನಿ ತಗ್ಗಿಸಿದರು. ‘ಇದರಿಂದ ನಿಮ್ಮ ಗ್ರೀನ್ ಕಾರ್ಡಿಗೆ ಏನೂ ಪ್ರಾಬ್ಲಮ್ ಆಗಲ್ವೇನಪ್ಪ?’ ಅವರ ಕಾಳಜಿ ನಿಜವಾದದ್ದು. ಗ್ರೀನ್ ಕಾರ್ಡು ಆಗಲೇ ಬಂದಾಗಿದೆ, ಅದು ಬಂದಿದ್ದರಿಂದಲೇ ಇವಳಿಗೆ ಕೆಲಸ ಮಾಡಲು ಸಾಧ್ಯವಾದದ್ದು ಎಂದು ತಿಳಿಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ.

ವಿನುತಾ ಮೈಸೂರಿನಲ್ಲಿ ಕಾನೂನು ಓದಿ, ಅಲ್ಲೇ ವಕೀಲರೊಬ್ಬರ ಕಚೇರಿಯಲ್ಲಿ ಪಳಗಿದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾದ ಕಟ್ಟಳೆಯಿಂದಾಗಿ ಮನೆಯಲ್ಲೇ ಕುಳಿತಿದ್ದಳು. ಆ ವರ್ಷಗಳಲ್ಲಿ ಅವಳು ಹಾಲಿನ ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ಮೇಲಿಂದ ಕೆಳಗಿನವರೆಗೆ ಓದುತ್ತಿದ್ದಳು. ಅಂಥವಳಿಗೆ ಮ್ಯಾನ್‌ಹಟನ್ನಿನಲ್ಲಿ ಒಂದು ಸಣ್ಣ ಸೇವಾಸಂಸ್ಥೆಯ ಕೆಲಸ ಸಿಕ್ಕಿತು. ಬೂಟು ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಅದರ ನಿರ್ದೇಶಕ ಪೀಟರ್, ಹಿಂದೆ ಸೈನ್ಯದಲ್ಲಿ ಇಂಜಿನಿಯರಾಗಿದ್ದವನು, ಎತ್ತರದ, ಸೌಮ್ಯ ಮನುಷ್ಯ. ಯುದ್ಧ ಮುಗಿದ ಮೇಲೂ ಹೊಲಗದ್ದೆಗಳಲ್ಲಿ ಹೂತೇ ಉಳಿದ ಬಾಂಬುಗಳನ್ನು ಹುಡುಕಿ ತೆಗೆಸುವುದು ಅವನ ಸಂಸ್ಥೆಯ ಉದ್ದೇಶ. ಅವರು ಕೆಲಸ ಮಾಡಲು ಹೊರಟಿದ್ದದ್ದು ಆಫ್ರಿಕಾದ ಒಂದು ದೇಶದಲ್ಲಿ. ಹೆಸರು ಬೇಡ. ಹೇಳಿದರೆ ಯಾವ ಸಂಸ್ಥೆಯೆಂದು ಗೊತ್ತಾಗುತ್ತದೆ, ಅದು ಅವಳಿಗೆ ಇಷ್ಟವಾಗುವುದಿಲ್ಲ.

ಒಳ್ಳೆಯ ಮನಸ್ಸಿದ್ದರೆ ಸಾಕು, ಹೋಗಿ ಬಾಂಬು ತೆಗೆಯಬಹುದು ಎಂದೇ ನಾನು ತಿಳಿದಿದ್ದೆ. ಹಾಗಲ್ಲವಂತೆ. ಆ ದೇಶದ ಸರಕಾರ ಮೊದಲು ಸಂಸ್ಥೆಯನ್ನೇ ಪರೀಕ್ಷಿಸುತ್ತದೆ. ನಿಮ್ಮ ಕೆಲಸಗಾರರಿಗೆ ತರಬೇತಿ ಕೊಟ್ಟವರು ಯಾರು, ವಿಮೆ ಇದೆಯೇ, ಲೋಹ ಪತ್ತೆಹಚ್ಚುವ ಯಂತ್ರವನ್ನು ಬೆಳಿಗ್ಗೆ ಪರೀಕ್ಷಿಸಿ ನೋಡುತ್ತೀರಾ, ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಎಷ್ಟು ಅಂತರ, ಗಾಯವಾದರೆ ಯಾರು ಎತ್ತುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ. ಇಷ್ಟಕ್ಕೂ ಬರಹದಲ್ಲಿ ಉತ್ತರ ಕೊಟ್ಟ ಮೇಲೆ ಅಧಿಕಾರಿಯೊಬ್ಬ ಸ್ಥಳಕ್ಕೇ ಬಂದು, ಮಾಡಿ ತೋರಿಸಿ ಎನ್ನುತ್ತಾನೆ. ಆಮೇಲೆ ಪರವಾನಗಿ. ಈ ಉತ್ತರಗಳನ್ನೆಲ್ಲ ಒಪ್ಪ ಮಾಡಿ, ಇವೆಲ್ಲ ನಿಜ ಎಂದು ಕೆಳಗೆ ಸಹಿ ಹಾಕುವುದು ನನ್ನ ಹೆಂಡತಿಯ ಕೆಲಸ.

ಒಂದು ಸಂಜೆ ಅವಳು ಕೆಲಸಗಾರರು ಧರಿಸುವ ಮುಖಕವಚವೊಂದನ್ನು ಮನೆಗೆ ತಂದಳು. ಹಣೆಯಿಂದ ಗಂಟಲಿನವರೆಗೆ ಇಳಿಯುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದನ್ನು ಹಾಕಿಕೊಂಡು ಎಷ್ಟು ಹೊತ್ತು ಬಗ್ಗಿ ಕೂರಬಹುದು, ಬೆವರಿಗೆ ಒಳಗೆ ಮಂಜು ಕಟ್ಟುತ್ತದೆಯೇ ಎಂದು ತಿಳಿಯಬೇಕಿತ್ತಂತೆ. ಮನೆಯಲ್ಲಿ ಬೇರೆ ಯಾರಿದ್ದಾರೆ? ನಾನೇ ಧರಿಸಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯುವಾಗ ಆಯುಷ್ಯದಲ್ಲಿ ಮೊದಲ ಬಾರಿಗೆ ಹಿಂದಕ್ಕೆ ಹಾರದೆ ನಿಂತೆ. ಆದರೆ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸೋತು, ಮುಖದ ಮುಂದೆ ಮಂಜು ಕವಿದು, ಇಂಗಿನ ಡಬ್ಬಿ ಯಾವುದು ಅರಿಸಿನದ ಡಬ್ಬಿ ಯಾವುದು ಎಂದೇ ತಿಳಿಯದಾಯಿತು. ಈ ದಡ್ಡನ ಸಾಕ್ಷ್ಯವನ್ನು ಅವಳು ಬಹಳ ಗಂಭೀರವಾಗಿ ಪರಿಗಣಿಸಿ, ಕೆಲಸಗಾರರಿಗೆ ನಡುನಡುವೆ ಕಡ್ಡಾಯ ವಿರಾಮ ಬೇಕೆಂದು ಬರೆದಳು.

ಕ್ಷೇಮ ಎಂಬ ಮಾತಿನ ಬಗ್ಗೆ ನಾನು ಯೋಚಿಸಲು ಶುರುಮಾಡಿದ್ದು ಆಗಲೇ. ಯೋಗಕ್ಷೇಮ ಎಂದು ಜೋಡಿಸಿ ಹೇಳುತ್ತೇವಲ್ಲ, ಅದರಲ್ಲಿ ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಇದ್ದದ್ದನ್ನು ಕಾಯ್ದುಕೊಳ್ಳುವುದು ಎಂದು ಸಂಸ್ಕೃತ ಮೇಷ್ಟ್ರು ಹೇಳಿಕೊಟ್ಟಿದ್ದರು. ನ್ಯೂ ಜೆರ್ಸಿಯ ನಾವೆಲ್ಲ ಆಗ ಬರೀ ಯೋಗದ ಬೆನ್ನು ಹತ್ತಿದ್ದೆವು. ಕ್ಷೇಮವೆಂಬುದು ಊರಿಗೆ ಬರೆಯುವ ಕಾಗದದ ಮೊದಲ ಸಾಲಿಗೆ ಮೀಸಲು: ಇಲ್ಲಿ ನಾವೆಲ್ಲ ಕ್ಷೇಮ. ಹಾಗೆ ಬರೆಯುವ ಮೊದಲು ನಿಜವಾಗಿ ಕ್ಷೇಮವೇ ಎಂದು ಎದ್ದು ಹೋಗಿ ನೋಡಿಬಂದವರು ಯಾರೂ ಇರಲಿಕ್ಕಿಲ್ಲ. ವಿನುತಾಳಿಗೆ ಸಂಬಳ ಬರುತ್ತಿದ್ದದ್ದು ಹಾಗೆ ನೋಡಿಬರುವುದಕ್ಕೆ.

ನೋಡಿದಳು, ಪೇಚಿಗೆ ಸಿಕ್ಕಿಕೊಂಡಳು. ಸ್ಥಳದಲ್ಲಿ ಕೆಲಸದ ಮೇಲ್ವಿಚಾರಣೆ ಹೊತ್ತವನು ಡೊಮಿಂಗೊಸ್ ಎಂಬಾತ, ಆ ದೇಶದವನೇ. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯಲು ಸ್ಟ್ರೆಚರ್ ಹಾಕಿದ ಒಂದು ಪಿಕಪ್ ಗಾಡಿ ಸದಾ ಸಿದ್ಧವಿರುತ್ತದೆ ಎಂದು ಅವನು ಬರೆದು ಕಳಿಸಿದ್ದ. ಒಂದು ದಿನ ಫೋನಿನಲ್ಲಿ ಬೇರೇನೋ ಮಾತಾಡುತ್ತ ಇವಳು ಸುಮ್ಮನೆ, ಆ ಗಾಡಿ ಈಗೆಲ್ಲಿದೆ ಎಂದು ಕೇಳಿದಳು. ನೀರಿಗೆ ಹೋಗಿದೆ, ಬಂದುಬಿಡುತ್ತದೆ ಎಂದ ಅವನು. ಬಿಡಾರದಲ್ಲಿ ಬಾವಿ ಇರಲಿಲ್ಲ. ಬೆಳಗೂ ಮಧ್ಯಾಹ್ನವೂ ಅದೇ ಪಿಕಪ್ಪು ದೂರದ ಊರಿನಿಂದ ನೀರು ತರುತ್ತಿತ್ತು. ಕೆಲಸ ಶುರುವಾದ ಮೇಲೂ ಅದೇ ಏರ್ಪಾಡು. ಅಂದರೆ ದಿನದ ಒಂದಷ್ಟು ಹೊತ್ತು ನೆಲದಲ್ಲಿ ಜನ ಇರುತ್ತಾರೆ, ಗಾಡಿ ಇರುವುದಿಲ್ಲ.

ವಿನುತಾ ಪೀಟರನಿಗೆ ಸಹಿ ಹಾಕುವುದಿಲ್ಲವೆಂದಳು.

ಪೀಟರ್ ಸೌಮ್ಯ ಮನುಷ್ಯನೆಂದು ಮೊದಲೇ ಹೇಳಿದೆ. ಅವನ ಮಾತಿನಲ್ಲೂ ಹುರುಳಿತ್ತು. ಎರಡನೆಯ ಗಾಡಿ ದಾನಿಗಳು ಒಪ್ಪಿದ ಮೇಲೆ, ಮಳೆಗಾಲ ಕಳೆದು ಬರುತ್ತದೆ. ಅಲ್ಲಿಯವರೆಗೆ ಕಾದರೆ ಒಂದು ಇಡೀ ಹಂಗಾಮು ಕೈತಪ್ಪುತ್ತದೆ. ಆ ಊರಿನವರು ಸೌದೆಗೆ, ಮೇವಿಗೆ ದಿನವೂ ಅದೇ ನೆಲದ ಅಂಚಿನಲ್ಲಿ ಓಡಾಡುತ್ತಾರೆ. ತಡವಾದಷ್ಟೂ ಯಾರೋ ಒಬ್ಬರ ಕಾಲು ಹೋಗುತ್ತದೆ. ‘ನಿನ್ನ ಎಚ್ಚರಿಕೆಗೂ ಬೆಲೆ ತೆರುವವರಿದ್ದಾರೆ ವಿನುತಾ, ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ’ ಎಂದನಂತೆ. ಅವಳು ಹಾಕದಿದ್ದರೆ ಸಹಿಯನ್ನು ತಾನೇ ಹಾಕಬಹುದೆಂದೂ, ಹಾಗಾದ ಮೇಲೆ ಅವಳು ಆ ಕೆಲಸದಲ್ಲಿ ಮುಂದುವರಿಯುವುದು ಇಬ್ಬರಿಗೂ ಕಷ್ಟವಾದೀತೆಂದೂ ಮೆಲ್ಲಗೆ ಸೂಚಿಸಿದ. ಸೋಮವಾರದವರೆಗೆ ಯೋಚಿಸಲು ಹೇಳಿ ಕಳಿಸಿದ.

ಅಂದು ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿನಿಂದ ಅವಳನ್ನು ಕರೆತರುವಾಗ ಕಾರಿನಲ್ಲೇ ಇಷ್ಟನ್ನೂ ಹೇಳಿದಳು. ಊಟಕ್ಕೆ ಕೂತು ಅನ್ನ ಕಲಸಿದವಳು ತುತ್ತೆತ್ತಲಿಲ್ಲ. ನಾನು ನನ್ನ ಕಸುಬಿನ ಜಾಣ್ಮೆಯನ್ನು ಮುಂದಿಟ್ಟೆ. ನಮ್ಮಲ್ಲಿ ಸರಿಹೋಗದ ದೋಷಗಳನ್ನು ‘ನೋನ್ ಇಶ್ಯೂಸ್’ ಎಂದು ಒಂದು ಪುಟದಲ್ಲಿ ಸೇರಿಸಿ, ಸಾಫ್ಟ್‌ವೇರನ್ನು ಗಿರಾಕಿಗೆ ಕಳಿಸಿಬಿಡುತ್ತೇವೆ, ಆಮೇಲೆ ದೋಷ ತಿದ್ದುವ ತೇಪೆಯೆಂದು ಪ್ಯಾಚ್ ಕೊಡುತ್ತೇವೆ, ನೀನೂ ಹಾಗೆ ಬರೆಯಬಹುದಲ್ಲ ಎಂದೆ.

ಅವಳಿಗೆ ಕೋಪವೇನೂ ಬರಲಿಲ್ಲ. ‘ಕಾಲಿಗೆ ಪ್ಯಾಚ್ ಕೊಡಕ್ಕಾಗತ್ತೇನ್ರೀ?’ ಎಂದಳು. ತಟ್ಟೆ ಪಕ್ಕಕ್ಕೆ ಸರಿಸಿ, ‘ಅವನು ಹೇಳೋದೂ ಸರಿ. ಅದಕ್ಕೇ ನನಗೆ ತಿನ್ನಕ್ಕಾಗ್ತಿಲ್ಲ’ ಎಂದಳು.

ಶನಿವಾರ, ಭಾನುವಾರ ಮನೆಯಲ್ಲಿ ಅದೊಂದೇ ಧ್ಯಾನ. ಗಾಡಿ ಇನ್ನೊಂದಿಲ್ಲ ನಿಜ. ಆದರೆ ಬೇಕಾಗಿರುವುದು ಇನ್ನೊಂದು ಗಾಡಿಯೋ, ನೀರೋ? ಭಾನುವಾರ ಬಟ್ಟೆ ಮಡಿಸುತ್ತಿದ್ದವಳು ಟವೆಲನ್ನು ಕೈಯಲ್ಲೇ ಹಿಡಿದು, ಮಂಡ್ಯದಲ್ಲಿ ತನ್ನ ಸೋದರಮಾವನ ಮನೆಯ ಬಾವಿಗೆ ಹೋಟೆಲಿನವರು ಎತ್ತಿನ ಗಾಡಿಯಲ್ಲಿ ಪೀಪಾಯಿ ಇಟ್ಟು ನೀರಿಗೆ ಬರುತ್ತಿದ್ದರೆಂದು ಹೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು.

ಸೋಮವಾರ ಆಫೀಸಿಗೆ ಹೋದವಳೇ ಡೊಮಿಂಗೊಸ್‌ಗೆ ಫೋನು ಹಚ್ಚಿ, ನಿಮ್ಮ ಕಡೆ ಎತ್ತಿನ ಗಾಡಿ ಸಿಗುತ್ತದೆಯೇ ಎಂದು ಕೇಳಿದಳು. ನ್ಯೂಯಾರ್ಕಿನಿಂದ ಇಂಥ ಪ್ರಶ್ನೆ ಅವನಿಗೆ ಬಂದಿರಲಾರದು. ಎತ್ತುಗಳು ಯುದ್ಧದಲ್ಲೇ ಹೋದವು, ಕತ್ತೆ ಗಾಡಿ ಇದೆ ಎಂದ. ಕತ್ತೆಯಾದರೂ ಆಗಬಹುದು, ನೀರು ಅದು ತರಲಿ, ಪಿಕಪ್ ಸ್ಥಳದಲ್ಲೇ ಇರಲಿ ಎಂದಳು ಇವಳು. ಪೀಟರ್ ಕೇಳಿ ಮೊದಲು ನಕ್ಕ, ಆಮೇಲೆ ಒಪ್ಪಿದ. ಹೀಗೆ ಆ ಗಂಭೀರ ಕಡತದಲ್ಲಿ ವಿಮೆ, ಸ್ಫೋಟಕಗಳ ದಾಸ್ತಾನು, ಶಸ್ತ್ರಚಿಕಿತ್ಸೆಗಳ ನಡುವೆ ಒಂದು ಕತ್ತೆಯೂ ಸೇರಿತು. ಜೊತೆಗೆ ವಿನುತಾ ತನ್ನದೇ ಒಂದು ವಾಕ್ಯ ಸೇರಿಸಿದಳು: ಯಾವ ಕಾರಣಕ್ಕೇ ಆಗಲಿ, ಪಿಕಪ್ ಗಾಡಿ ಸ್ಥಳದಲ್ಲಿ ಇಲ್ಲದಾಗ ನೆಲದಲ್ಲಿ ಕೆಲಸವಿಲ್ಲ. ಅದರ ಕೆಳಗೆ ಸಹಿ ಹಾಕಿದಳು.

ಪರೀಕ್ಷೆಗೆ ಬಂದ ಅಧಿಕಾರಿ ಚಹಾ ಕುಡಿಯುತ್ತಿದ್ದವನು ಇದ್ದಕ್ಕಿದ್ದಂತೆ ಒಬ್ಬ ಕೆಲಸಗಾರನನ್ನು ನೆಲದ ಮೇಲೆ ಮಲಗಿಸಿ, ಇವನಿಗೆ ಪೆಟ್ಟಾಗಿದೆ, ನಡೆಯಿರಿ ಎಂದನಂತೆ. ಗಾಡಿ ನೆರಳಿನಲ್ಲೇ ಇತ್ತು. ಆಸ್ಪತ್ರೆಯವರೆಗೂ ಅಧಿಕಾರಿ ಜೊತೆಯಲ್ಲೇ ಕೂತು ಹೋಗಿ ಬಂದ. ಪರವಾನಗಿ ಸಿಕ್ಕಿತು.

ಅಲ್ಲಿಂದ ಮುಂದೆ ಹೇಳುವಂಥದ್ದೇನೂ ನಡೆಯಲಿಲ್ಲ. ಬಾಂಬುಗಳು ಸಿಕ್ಕವು, ನಾಶವಾದವು, ಯಾರಿಗೂ ಗಾಯವಾಗಲಿಲ್ಲ. ಚಾಲಕನಿಗೆ ಬೇಸರವೋ ಬೇಸರ. ದಿನವಿಡೀ ಗಾಡಿ ಒರೆಸುವುದು, ನೆರಳು ಸರಿದಂತೆ ಗಾಡಿ ಸರಿಸುವುದು. ಆ ಗಾಡಿಯನ್ನು ಸುಮ್ಮನೆ ನಿಲ್ಲಿಸಿದ್ದೇಕೆ ಎಂದು ದಾನಿಗಳ ಕಡೆಯವರು ಒಮ್ಮೆ ಕೇಳಿಯೂ ಬಿಟ್ಟರು.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಊರಿನ ಹೆಂಗಸೊಬ್ಬಳಿಗೆ ಹೆರಿಗೆ ನೋವು ಶುರುವಾಗಿ, ಮಗು ಅಡ್ಡ ತಿರುಗಿ, ಅವಳ ತಾಯಿ ಬಿಡಾರಕ್ಕೆ ಓಡಿ ಬಂದಳು. ಸುತ್ತಮುತ್ತ ಇದ್ದದ್ದು ಆ ಒಂದೇ ಪಿಕಪ್ ಗಾಡಿ. ಕೆಲಸ ನಡೆಯುವಾಗ ಅದು ಸ್ಥಳ ಬಿಟ್ಟು ಕದಲಬಾರದು. ಡೊಮಿಂಗೊಸ್ ಸೀಟಿ ಊದಿದ. ನೆಲದಲ್ಲಿದ್ದವರೆಲ್ಲ ಉಪಕರಣ ಕೆಳಗಿಟ್ಟು, ಗುರುತಿನ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ಹೊರಗೆ ಬಂದು ಮರದಡಿ ಕೂತರು. ಗಾಡಿ ಆ ಹೆಂಗಸನ್ನು ಕರೆದುಕೊಂಡು ಹೊರಟಿತು. ಅದು ಹಿಂತಿರುಗಿದ್ದು ಸಂಜೆಗೆ.

ಆ ವಾರದ ವರದಿ ಫ್ಯಾಕ್ಸಿನಲ್ಲಿ ಬಂತು. ಆ ದಿನದ ಸಾಲಿನಲ್ಲಿ ತೆರವಾದ ನೆಲ ಏನೂ ಇಲ್ಲ ಎಂದಿತ್ತು. ಕಾರಣ: ಹೆರಿಗೆ. ಪೀಟರ್ ಅದನ್ನು ಕೈಯಲ್ಲಿ ಹಿಡಿದು ವಿನುತಾಳ ಮೇಜಿನ ಹತ್ತಿರ ಬಂದ. ದಾನಿಗಳಿಗೆ ಏನು ಹೇಳುತ್ತೀ ಎಂದು ಕೇಳುತ್ತಾನೆಂದು ಅವಳು ಮನಸ್ಸಿನಲ್ಲೇ ವಕೀಲರ ಉತ್ತರವೊಂದನ್ನು ಜೋಡಿಸಿಕೊಂಡಿದ್ದಳು. ಅವನು ಕೇಳಿದ್ದು ಮಗು ಹೆಣ್ಣೋ ಗಂಡೋ ಎಂದು.

ಅದನ್ನು ವರದಿಯಲ್ಲಿ ಯಾರೂ ಬರೆದಿರಲಿಲ್ಲ. ಇವಳು ಫೋನು ಮಾಡಿ ಕೇಳಿದಳು. ಹೆಣ್ಣು, ತಾಯಿಯೂ ಚೆನ್ನಾಗಿದ್ದಾಳೆ.

ಅಂದು ಸಂಜೆ ಸ್ಟೇಷನ್ನಿನಿಂದ ಕಾರು ಹತ್ತಿದವಳ ಮುಖ ನೋಡಿ, ಆಫೀಸಿನಲ್ಲಿ ಏನೋ ದೊಡ್ಡ ಕೆಲಸ ಆಗಿರಬೇಕೆಂದು ವಿಚಾರಿಸಿದೆ.

‘ಏನೂ ಆಗ್ಲಿಲ್ಲ ರೀ, ಒಂದು ದಿನಪೂರ್ತಿ ಒಂದಿಂಚು ನೆಲಾನೂ ತೆರವಾಗ್ಲಿಲ್ಲ,’ ಎಂದಳು. ಮನೆಗೆ ಬಂದು ಕೋಟು ಬಿಚ್ಚಿಟ್ಟವಳೇ ಪಾಯಸಕ್ಕೆಂದು ಶ್ಯಾವಿಗೆ ಹುರಿಯಲು ನಿಂತಳು.