ಬಿಸಿ ಹಿತ್ತಾಳೆಯ ಅಳತೆ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕುರುಡಮ್ಮ ಎಂದು. ಕಣ್ಣೇನೋ ಹದ್ದಿನ ಕಣ್ಣು. ಒಂದೇ ಒಂದು ಟ್ರೇ ಮಾಲು ಅವಳಿಗೆ ಆ ಹೆಸರು ಅಂಟಿಸಿತು.

ಅವಳದ್ದು ತಪಾಸಣೆಯ ಮೇಜು. ಗಂಡಸರು ಲೇತ್ ಯಂತ್ರದಲ್ಲಿ ಲೋಹ ತಿರುಗಿಸಿ ಕಡೆದು ಕಳಿಸಿದ ಬಿಡಿಭಾಗಗಳನ್ನು ಮೈಕ್ರೋಮೀಟರಿನ ಬಾಯಿಗಿಟ್ಟು ನೋಡಿ, ಸರಿಯಿದ್ದದ್ದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಹಾಕುವುದು. ಹೆಂಗಸರ ಕೆಲಸ ಅಲ್ಲಿಗೆ ಮುಗಿಯಿತು, ಲೇತ್ ಮುಟ್ಟುವಂತಿಲ್ಲ. ದುಡಿಯುವ ಕೈಯಲ್ಲಿ ಗಂಡು ಹೆಣ್ಣೆಂಬುದಿಲ್ಲ ಎಂದು ಗೇಟಿನ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದ ಕಾರ್ಮಿಕ ಸಂಘದವರು, ಗೇಟು ದಾಟಿ ಒಳಗೆ ಬಂದರೆ ಆ ಮಾತನ್ನು ಚಪ್ಪಲಿಯಂತೆ ಹೊರಗೇ ಬಿಟ್ಟು ಬರುತ್ತಿದ್ದರು. ಮುಷ್ಕರದಲ್ಲಿ ಹೆಂಗಸರೂ ಬಿಸಿಲಿಗೆ ಕೂತು ಲಾಠಿ ತಿಂದರು. ಆಮೇಲೆ ಮರ್ಯಾದೆಗೆಂದು, ಒಬ್ಬಳನ್ನಾದರೂ ಲೇತಿಗೆ ಹಾಕಿ ನೋಡೋಣ ಎಂಬ ಮಾತಾಯಿತು. ಆ ಒಬ್ಬಳು ಇವಳು. ಹಾಕುವ ಮುಂಚೆಯೇ, ಇವಳು ಪಾಸು ಮಾಡಿದ್ದ ಒಂದು ಟ್ರೇ ಮಾಲು ಅಳತೆಗಿಂತ ಸಣ್ಣದಾಗಿದೆಯೆಂದು ವಾಪಸು ಬಂತು.

"ಅಳೆಯೋಕೇ ಬಾರದವಳು ಕಡೀತಾಳಂತೆ" ಎಂದು ಫೋರ್‌ಮನ್ ನಕ್ಕ. ಸಂಘದವರೂ ನಕ್ಕರು. ಲೇತಿನ ಮಾತು ಅಲ್ಲಿಗೇ ಸತ್ತಿತು. ಹೆಸರು ಉಳಿಯಿತು.

ಕಾರ್ಖಾನೆಗೆ ಬೀಗ ಬಿದ್ದು ಎಷ್ಟೋ ಕಾಲದ ಮೇಲೆ ಅವಳು ಒಂದು ಪುಟ್ಟ ಲೇತ್ ತರಿಸಿಕೊಂಡಳು. ಹವ್ಯಾಸಕ್ಕೆಂದು ಮನೆಯಲ್ಲಿಟ್ಟುಕೊಳ್ಳುವಂಥದ್ದು, ಹೊಲಿಗೆ ಯಂತ್ರಕ್ಕಿಂತ ಒಂದಿಷ್ಟು ದೊಡ್ಡದು. ಗಂಡ ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಟರ್ನರ್, ಸಂಘದ ಸಮಿತಿಯಲ್ಲೂ ಇದ್ದವನು. ಈಗ ಕೈ ನಡುಗುತ್ತದೆ. ಬಾಗಿಲ ಬಳಿಯ ಕುರ್ಚಿಯಿಂದ ಏಳದೆ ನೋಡಿದ.

"ಆಟದ ಸಾಮಾನಾ?"

"ಆಡೋ ವಯಸ್ಸಲ್ಲಿ ಮುಟ್ಟೋಕೆ ಬಿಡಲಿಲ್ವಲ್ಲ ನೀವು."

ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಬಂದಿದ್ದ ಯಂತ್ರವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಡುಗೆಮನೆಯ ಹಳೇ ಮೇಜಿಗೆ ಬೋಲ್ಟು ಹಾಕಿ ಬಿಗಿದಳು. ಶುರುವಿಗೇ ಮೇಜೆಲ್ಲ ಗಡಗಡ. ಕಡೆದ ಹಿತ್ತಾಳೆಯ ಮುಖದ ನಡುವೆ ಮೊಲೆತೊಟ್ಟಿನಂಥ ಗಂಟೊಂದು ಉಳಿಯುತ್ತಿತ್ತು. ಗಂಡ ಅದನ್ನು ಕಂಡು ಮೀಸೆಯಡಿ ನಕ್ಕನೇ ಹೊರತು ಯಾಕೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಉಳಿ ನಡುಮಟ್ಟಕ್ಕಿಂತ ಕೆಳಗಿದೆ ಎಂದು ತಾನೇ ಕಂಡುಕೊಂಡು, ಡಬ್ಬಿಯ ತಗಡು ಕತ್ತರಿಸಿ ಅಡಿಗಿಟ್ಟು ಎತ್ತರಿಸಿದಳು. ಗಂಟು ಹೋಯಿತು, ಗಡಗಡವೂ ಇಳಿಯಿತು. ಆಮೇಲೆ ನೋಡಿದರೆ ಕಡೆದದ್ದೆಲ್ಲ ಒಂದು ತುದಿ ದಪ್ಪ, ಒಂದು ತುದಿ ಸಣ್ಣ, ಮೂಲಂಗಿಯ ಹಾಗೆ. ಸೊಟ್ಟ ಮೇಜಿಗೆ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದಿದ್ದಕ್ಕೆ ಯಂತ್ರದ ಬೆನ್ನೇ ತಿರುಚಿಕೊಂಡಿತ್ತು. ಸಡಿಲಿಸಿ, ಒಂದು ಕಾಲಿನ ಅಡಿಗೆ ತಗಡು ಕೊಟ್ಟು ಮತ್ತೆ ಹದವಾಗಿ ಬಿಗಿದಳು. ಮೂಲಂಗಿ ದೊಣ್ಣೆಯಾಯಿತು.

ಬೀದಿ ಕೊನೆಯ ಹಿಟ್ಟಿನ ಗಿರಣಿಯವನು ಸವೆದ ಬುಷ್ಷೊಂದನ್ನು ತಂದುಕೊಟ್ಟ. ಶಾಫ್ಟಿನ ಸುತ್ತ ಕೂರುವ ಹಿತ್ತಾಳೆಯ ಬಳೆ ಅದು. ಹೊರಗಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಗೂಡಿನಲ್ಲಿ ನಿಲ್ಲುವುದಿಲ್ಲ. ಇದೊಂದು ಸರಿಬಂದರೆ ಗಿರಣಿಯ ಕೆಲಸವೆಲ್ಲ ಇವಳಿಗೇ ಎಂದ. ಅವಳು ಕಡೆದಳು, ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನಿಂದ ಬಿಚ್ಚುವ ಮುಂಚೆಯೇ ಅಳೆದಳು, ಕರಾರುವಾಕ್ಕು. ಮಾರನೇ ದಿನ ಗಿರಣಿಯವನು ಬುಷ್ಷು ವಾಪಸು ತಂದ.

"ಲೊಡಲೊಡ ಅಂತದಮ್ಮ."

ಕುರ್ಚಿಯಿಂದ ಗಂಡ ಕೆಮ್ಮಿದ. ನಗುವನ್ನು ಕೆಮ್ಮು ಮಾಡಿಕೊಳ್ಳುವುದು ಅವನ ಹಳೇ ವಿದ್ಯೆ.

ಇನ್ನೊಂದು ಕಡೆದಳು. ಅಳೆದಳು, ಸರಿಯಿತ್ತು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಬಕೆಟ್ಟುಗಳನ್ನು ತುಂಬಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಅನುಮಾನಕ್ಕೆಂದು ಇನ್ನೊಮ್ಮೆ ಅಳೆದಳು. ಬುಷ್ಷು ಸಣ್ಣದಾಗಿತ್ತು. ಯಾರೂ ಮುಟ್ಟಿಲ್ಲ, ಲೇತ್ ನಿಂತಿದೆ. ಮೈಕ್ರೋಮೀಟರನ್ನು ಒರೆಸಿ ಮತ್ತೆ ನೋಡಿದಳು. ಸಣ್ಣದೇ. ಒಲೆಯ ಮೇಲಿದ್ದ ಕುದಿನೀರಿಗೆ ಬುಷ್ಷನ್ನು ಹಾಕಿ, ಇಕ್ಕಳದಲ್ಲಿ ಎತ್ತಿ ಅಳೆದಳು. ದಪ್ಪಗಾಗಿತ್ತು.

ಉಳಿಯ ತಿಕ್ಕಾಟಕ್ಕೆ ಹಿತ್ತಾಳೆ ಕಾದಿತ್ತು. ಕಾದ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂದು ಓದಿದ್ದಳು. ಆದರೆ ಅವಳ ಮೇಜಿಗೆ ಮಾಲು ಬರುತ್ತಿದ್ದದ್ದು ತಣ್ಣಗಾದ ಮೇಲೆ, ಹಿಂದಿನ ಪಾಳಿಯದು. ಅಳೆಯುವವಳ ಕೈಗೆ ಬಿಸಿ ಮಾಲು ಬಂದದ್ದೇ ಇಲ್ಲ.

ಒಂದು ಸಲ ಬಂದಿತ್ತು. ಆ ಟ್ರೇ.

ಮದುವೆಯಾದ ಹೊಸತು. ಚಳಿಯ ಸಂಜೆ, ಪಾಳಿ ಮುಗಿಯುವ ಹೊತ್ತು. ಟ್ರೇಯನ್ನು ತಂದವನು ಇವನೇ. "ಬೇಗ ನೋಡಿಬಿಡು, ಒಟ್ಟಿಗೆ ಮನೆಗೆ ಹೋಗೋಣ" ಅಂದಿದ್ದ. ಮಾಲು ಬೆಚ್ಚಗಿತ್ತು. ಮರಗಟ್ಟಿದ ಅಂಗೈಗೆ ಅದೆಷ್ಟು ಹಿತವೆನಿಸಿತ್ತು ಎಂಬುದು ಈಗ ನೆನಪಾಗಿ ಅವಳ ಬಾಯಿ ಕಹಿಯಾಯಿತು.

ಬುಷ್ಷನ್ನು ಇಕ್ಕಳದಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ರೀ, ಆ ಟ್ರೇ ಬಿಸಿಯಿತ್ತು."

"ಯಾವ ಟ್ರೇ?"

ಅವಳು ಇಕ್ಕಳವನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಇಕ್ಕಳ ನೋಡಿದ, ಬೀದಿ ನೋಡಿದ.

"ಅರ್ಜೆಂಟಾದ್ರೆ ಎಲ್ಲರೂ ಒಂದೊಂದ್ಸಲ ಹಂಗೇ ಕೊಡ್ತಿದ್ವಿ. ಪಾಳಿ ಲೆಕ್ಕ ತುಂಬಿಸಬೇಕಲ್ಲ."

"ತಣಿದ್ರೆ ಸಣ್ಣದಾಗತ್ತೆ ಅಂತ ಗೊತ್ತಿತ್ತಾ?"

"ಟರ್ನರಿಗೆ ಗೊತ್ತಿರಲ್ವಾ."

"ಆಮೇಲಾದ್ರೂ ಬಾಯಿ ಬಿಡಬಹುದಿತ್ತು."

"ಬಿಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು ಕಣೇ. ನಿನ್ನದು ಬರೀ ಹೆಸರು ಹೋಯ್ತು."

ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ಹೇಳಿದ ಮಾತು ಇದು. ಅವನ ದನಿಯಲ್ಲಿ ನಾಚಿಕೆಯೂ ಇರಲಿಲ್ಲ. ಮಾಲೀಕರು ಹೆಂಗಸರಿಗೆ ಮಾಡಿದ್ದು ಗೋಡೆ ಬರಹವಾಗಿ ಬೀದಿಯಲ್ಲಿ ಕಾಣುತ್ತದೆ. ಜೊತೆಯವರು ಮಾಡಿದ್ದಕ್ಕೆ ಗೋಡೆ ಸಿಗುವುದಿಲ್ಲ. ಅವಳು ಒಳಗೆ ಹೋಗಿ ಇನ್ನೊಂದು ಹಿತ್ತಾಳೆ ತುಂಡನ್ನು ಚಕ್ಕಿಗೆ ಕೊಟ್ಟಳು. ಸ್ವಲ್ಪ ದಪ್ಪಗೇ ಉಳಿಸಿ, ಪೂರ್ತಿ ತಣಿಯಲು ಬಿಟ್ಟು, ಕೊನೆಯ ಪದರವನ್ನು ಆಮೇಲೆ ತೆಗೆದಳು.

ಆ ಬುಷ್ಷನ್ನು ಒಯ್ದಿದ್ದ ಗಿರಣಿಯವನು ಮಾರನೇ ದಿನ ಹಲ್ಲು ಕಿರಿದುಕೊಂಡು ಬಂದ. ಕೈಯಲ್ಲಿ ಸವೆದ ಬುಷ್ಷು ಇನ್ನೊಂದು.

"ಅಣ್ಣಾ, ಗಿರಣಿ ಸದ್ದೇ ಇಲ್ಲದೆ ತಿರುಗ್ತಿದೆ. ಅಕ್ಕನ ಕೈಲಿ ಆಗಲ್ಲ ಅಂತ ನೀವೇ ಕೂತು ಮಾಡಿಕೊಟ್ರಿ ಅಲ್ವಾ? ಹಳೇ ಟರ್ನರ್ ಕೈ ಎಲ್ಲಿಗೆ ಹೋಗತ್ತೆ."

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಅವಳು ಒಳಗೇ ನಿಂತು ಕಾದಳು. ಒರೆಸುವುದು ಮುಗಿಯಿತು, ಕನ್ನಡಕ ಮೂಗೇರಿತು. ಬಾಯಿ ತೆರೆಯಲಿಲ್ಲ.

ಅವಳು ಬಂದು ಚಕ್ಕು ಬಿಗಿಯುವ ಕೀಲಿಯನ್ನು ಅವನ ತೊಡೆಯ ಮೇಲಿಟ್ಟಳು.

"ಇದನ್ನೂ ಅವರ ಹತ್ರಾನೇ ಮಾಡಿಸ್ಕೊಳಪ್ಪ."

ಕೀಲಿ ಎತ್ತಿಕೊಳ್ಳಹೋದ ಗಂಡನ ಬೆರಳುಗಳು ನಡುಗಿ, ಅದು ನೆಲಕ್ಕೆ ಬಿತ್ತು. ಗಿರಣಿಯವನು ಒಮ್ಮೆ ಅವನ ಕೈ, ಒಮ್ಮೆ ಅವಳ ಮುಖ ನೋಡಿ, ನಗುವನ್ನು ಒಳಗೆಳೆದುಕೊಂಡ.

"ನಾನೇನೂ ಅನ್ನಲಿಲ್ವಲ್ಲೇ" ಎಂದ ಗಂಡ.

"ಇಲ್ಲ. ಅವತ್ತೂ ಅನ್ನಲಿಲ್ಲ."

ಬಗ್ಗಿ ಕೀಲಿ ಎತ್ತಿಕೊಂಡು, ಗಿರಣಿಯವನ ಕೈಯಿಂದ ಸವೆದ ಬುಷ್ಷನ್ನು ತೆಗೆದುಕೊಂಡಳು.

"ಸಂಜೆಗೆ ಸಿಗತ್ತಾ ಅಕ್ಕಾ?"

"ಇಲ್ಲ. ತಣಿಬೇಕು. ನಾಳೆ ಬಾ. ಬಂದಾಗ ನನ್ನನ್ನೇ ಕೇಳು."